ಎತ್ತಿದ ಕತ್ತಿ, ಹಿಟ್ಟಿನ ಕೋಳಿ

ವೇದಿಕೆಯ ಮೇಲಿನ ಹಿರಿಯರೆ, ಮುಂದಿನ ಸಾಲುಗಳಲ್ಲಿ ಕೂತಿರುವ ವಿದ್ಯಾರ್ಥಿಗಳೆ, ಹಿಂದೆ ಫ್ಯಾನಿನ ಕೆಳಗೆ ಜಾಗ ಹಿಡಿದಿರುವ ನನ್ನ ಜಾಣ ಗೆಳೆಯರೆ, ಎಲ್ಲರಿಗೂ ಶರಣು.

ಕಲಬುರಗಿಯ ಏಪ್ರಿಲ್ ಬಿಸಿಲಿನಲ್ಲಿ, ಮಧ್ಯಾಹ್ನ ಮೂರು ಗಂಟೆಗೆ ಹಳಗನ್ನಡದ ಮಾತು ಕೇಳಲು ಬರುವವರು ಪುಣ್ಯವಂತರು. ಇಲ್ಲವೇ ಹಾಜರಿ ಕಮ್ಮಿ ಬಿದ್ದವರು. ಯಾರು ಯಾವ ಪೈಕಿ ಅಂತ ನಾನು ಕೇಳುವುದಿಲ್ಲ.

ಕರೆಯೋಲೆಯಲ್ಲಿ ನನ್ನ ವಿಷಯ ‘ಜನ್ನನ ಯಶೋಧರ ಚರಿತೆ: ಒಂದು ಅವಲೋಕನ’ ಅಂತ ಅಚ್ಚಾಗಿದೆ. ಅವಲೋಕನ ನನ್ನ ಕೈಲಾಗುವ ಕೆಲಸ ಅಲ್ಲ. ವರ್ಷಾನುಗಟ್ಟಲೆ ಅದನ್ನೇ ಪಾಠ ಮಾಡಿ, ಅದರದೇ ಉತ್ತರಪತ್ರಿಕೆ ತಿದ್ದಿ ತಿದ್ದಿ ಒಂದು ಸಿಟ್ಟು ಒಳಗೆ ಉಳಿದುಬಿಟ್ಟಿದೆ. ಅದನ್ನು ಇವತ್ತು ಇಳಿಸಿ ಹೋಗುತ್ತೇನೆ. ಆ ಕಾವ್ಯದ ರಾಣಿ ಅಮೃತಮತಿಯ ಪರವಾಗಿ ಮೂರು ಮಾತು ಬರೆದುಕೊಂಡು ಬಂದಿದ್ದೇನೆ. ಮೂರೂ ಆಗುತ್ತವೋ ಇಲ್ಲವೋ ಅಧ್ಯಕ್ಷರ ಕೈಗಡಿಯಾರ ಹೇಳಬೇಕು.

ಮೊದಲು ಸಿಟ್ಟಿನ ಕತೆ. ಒಂದು ವರ್ಷ ಮೌಲ್ಯಮಾಪನಕ್ಕೆ ಹೋಗಿದ್ದೆ. ಹತ್ತು ಅಂಕದ ಪ್ರಶ್ನೆ: ‘ಅಮೃತಮತಿಯ ಪಾತ್ರವನ್ನು ಚಿತ್ರಿಸಿ.’ ಮೊದಲ ಪತ್ರಿಕೆ ತೆಗೆದೆ, ‘ಅಮೃತಮತಿಯು ಚಂಚಲ ಚಿತ್ತದ ಕಾಮುಕ ಹೆಣ್ಣು.’ ಎರಡನೆಯದು, ‘ಅಮೃತಮತಿಯು ಚಂಚಲ ಚಿತ್ತದ ಕಾಮುಕ ಹೆಣ್ಣು.’ ಬಂಡಲ್ ಮುಗಿಯುವವರೆಗೂ ಅದೇ. ಯಾವುದೋ ಗೈಡು ಎಲ್ಲ ಮಕ್ಕಳಿಗೂ ಒಂದೇ ನಾಲಿಗೆ ಹೊಲಿದು ಕೊಟ್ಟಿತ್ತು. ನಡುವೆ ಒಂದೇ ಒಂದು ಪತ್ರಿಕೆ, ಅಕ್ಷರ ಕಾಗೆ ಕಾಲು ಗುಬ್ಬಿ ಕಾಲು. ‘ಆಕೆ ತಪ್ಪು ಮಾಡಿದ್ದಾಳೆ. ಆದರೆ ರಾಜ ನಿದ್ದೆ ಬಂದವರಂಗ ಬಿದ್ದುಕೊಂಡು ನೋಡಿದ್ದು ಏನು ಚೆಂದ?’ ಅಂತ ಬರೆದು ನಿಲ್ಲಿಸಿತ್ತು. ಒಂದೂವರೆ ಸಾಲು. ನಾನು ಹತ್ತಕ್ಕೆ ಒಂಬತ್ತು ಕೊಟ್ಟೆ. ಮೇಲಿನವರು ಕರೆದು, ‘ಏನ್ರೀ ಮಾಸ್ತರ, ಒಂದೂವರೆ ಸಾಲಿಗೆ ಒಂಬತ್ತಾ?’ ಅಂದರು. ‘ಕಾಗುಣಿತಕ್ಕೆ ಒಂದು ಕಳೆದೀನ್ರೀ’ ಅಂದೆ.

ಕತೆ ನಿಮಗೆಲ್ಲ ಗೊತ್ತಿದ್ದದ್ದೇ. ರಾಣಿ ಅಮೃತಮತಿ ಗಂಡ ಯಶೋಧರನ ಪಕ್ಕದಲ್ಲಿ ಮಲಗಿದ್ದಾಗ ಆನೆಯ ಲಾಯದ ಕಡೆಯಿಂದ ಹಾಡು ಕೇಳಿತು, ಮನಸ್ಸು ಹೋಯಿತು. ಹಾಡಿದವನು ಕುರೂಪಿ ಮಾವುತ. ರಾಜ ಕಂಡ, ಕತ್ತಿ ಎತ್ತಿದ, ಇಳಿಸಿದ. ತಾಯಿಗೆ ಕೆಟ್ಟ ಕನಸು ಬಿತ್ತೆಂದು ಸುಳ್ಳು ಹೇಳಿದ. ಅವಳು ಶಾಂತಿಗೆ ಬಲಿ ಕೊಡು ಅಂದಳು. ಇವನು ಜೈನ, ಜೀವ ಕೊಲ್ಲಲಾರ. ಹಿಟ್ಟಿನ ಕೋಳಿ ಮಾಡಿ ಕಡಿದ. ಅದು ಕೂಗಿತು. ಆ ಪಾಪಕ್ಕೆ ತಾಯಿ ಮಗ ಇಬ್ಬರೂ ನವಿಲು, ನಾಯಿ, ಮೀನು, ಮೊಸಳೆ, ಆಡು, ಕೋಣ, ಕಡೆಗೆ ಕೋಳಿ ಅಂತ ಹುಟ್ಟಿ ಹುಟ್ಟಿ ಸತ್ತರು.

ಕತೆ ಜನ್ನನ ಸ್ವಂತದ್ದಲ್ಲ. ಅವನು ಬರೆದದ್ದು 1209ರಲ್ಲಿ, ಹೊಯ್ಸಳ ವೀರಬಲ್ಲಾಳನ ಆಸ್ಥಾನದಲ್ಲಿ, ವಾದಿರಾಜನ ಸಂಸ್ಕೃತ ಕಾವ್ಯದ ಜಾಡು ಹಿಡಿದು. ಅದಕ್ಕೂ ಮೊದಲು 959ರಲ್ಲಿ ಸೋಮದೇವ ಇದೇ ಕತೆಯನ್ನು ಸಂಸ್ಕೃತದಲ್ಲಿ ಗದ್ಯ ಪದ್ಯ ಬೆರೆಸಿದ ಚಂಪುವಾಗಿ ಬರೆದಿದ್ದ. ಆದರೆ ನಮ್ಮ ಜಿಲ್ಲೆಯ ಮಕ್ಕಳಿಗೆ ಯಾರೂ ಹೇಳದ ಒಂದು ಸಂಗತಿ ಇದೆ. ಪ್ರಾಕೃತದಿಂದ ಬೆಳೆದ ಅಪಭ್ರಂಶ ಭಾಷೆಯ ಮಹಾಕವಿ ಪುಷ್ಪದಂತ ‘ಜಸಹರಚರಿಉ’ ಬರೆದದ್ದು ಮಾನ್ಯಖೇಟದಲ್ಲಿ, ಅಂದರೆ ನಮ್ಮ ಮಳಖೇಡದಲ್ಲಿ. ಜಸಹರ ಅಂದರೆ ಯಶೋಧರನೇ. ರಾಷ್ಟ್ರಕೂಟ ಕೃಷ್ಣನ ಮಂತ್ರಿ ಭರತ, ಅವನ ಮಗ ನನ್ನ. ಆ ನನ್ನನೇ ಕವಿಗೆ ಆಶ್ರಯದಾತ. (ಹೆಸರೇ ನನ್ನ. ತರಗತಿಯಲ್ಲಿ ‘ನನ್ನನ ಆಶ್ರಯದಲ್ಲಿ’ ಅಂದರೆ ಹುಡುಗರು ನನ್ನ ಮುಖ ನೋಡುತ್ತಿದ್ದರು.) ಇಲ್ಲಿಂದ ಸೇಡಂ ಬಸ್ ಹತ್ತಿದರೆ ಆ ಊರು. ಕಾಗಿಣಾ ದಂಡೆಯ ಕೋಟೆ ಅರ್ಧ ಬಿದ್ದಿದೆ, ನೇಮಿನಾಥ ಬಸದಿ ಇದೆ, ಗಿಡದ ಎಲೆಗಳ ಮೇಲೆ ಸಿಮೆಂಟಿನ ಬೂದಿ ಕೂತಿರುತ್ತದೆ. 972ರಲ್ಲಿ ಮಾಳವದ ಸೀಯಕ ಆ ಊರನ್ನು ಕೊಳ್ಳೆ ಹೊಡೆದ. ಹೆಚ್ಚುಕಡಿಮೆ ಅದೇ ಕಾಲದಲ್ಲಿ ಯಶೋಧರನ ರಾಣಿಯ ಹೆಸರೂ ಅಲ್ಲಿ ಕೆಟ್ಟಿತು. ನಮ್ಮ ಊರ ಪಂಚಾಯ್ತಿಕಟ್ಟೆಯಲ್ಲೇ ಅವಳ ತೀರ್ಪಾಗಿದೆ ಅಂದಮೇಲೆ ಅಪೀಲೂ ಇಲ್ಲೇ ಆಗಬೇಕಲ್ಲ? ಹಾಂ, ನೃಪತುಂಗನ ಹೆಸರು ಹೇಳದೆ ಕಲಬುರಗಿಯಲ್ಲಿ ಭಾಷಣ ಮುಗಿಸಿದವರಿಲ್ಲ. ಹೇಳಿದೆ. ಮುಂದೆ ಹೋಗೋಣ.

ಒಂದು ತರಗತಿಯ ನೆನಪು ಹೇಳಬೇಕು. ಇದನ್ನು ಕೇಳಿದವರು ಇಲ್ಲಿ ಇಬ್ಬರಾದರೂ ಇದ್ದಾರೆ, ಕ್ಷಮಿಸಬೇಕು. ಕಾಲೇಜು ಹಳ್ಳಿ ಕಡೆಯದು. ಕರೆಂಟು ಹೋಗಿತ್ತು. ತೊಗರಿ ರಾಶಿಯ ಕಾಲ, ಅರ್ಧ ಹುಡುಗರು ಹೊಲದಲ್ಲಿದ್ದರು. ಹೊರಗೆ ರಾಶಿ ಯಂತ್ರದ ಸದ್ದು, ಒಳಗೆ ಹದಿನಾಲ್ಕು ಜನ. ಮಾವುತನ ಹಾಡಿನ ಪದ್ಯಗಳಿಗೆ ಬಂದಿದ್ದೆ. ಕಡೆಯ ಬೆಂಚಿನಲ್ಲಿ ತಾಂಡಾದ ಒಬ್ಬ ಹುಡುಗಿ, ವರ್ಷವಿಡೀ ಬಾಯಿ ಬಿಡದವಳು, ಎದ್ದು ನಿಂತಳು.

‘ಸರ್, ಆ ಮಾವುತ ಏನ್ ಹಾಡತಿದ್ದ್ರಿ?’

ನಾನು ರಾಗ, ಇಂಪು, ರಾತ್ರಿಯ ಹೊತ್ತು ಅಂತ ಏನೋ ಶುರು ಮಾಡಿದೆ.

‘ರಾಗ ಅಲ್ರಿ ಸರ್. ಪದ. ಪದ ಯಾವುದ್ರಿ?’

‘ಜನ್ನ ಅದನ್ನ ಬರದಿಲ್ಲವ್ವ.’

‘ಜನ್ನ ಬರದಿಲ್ಲಂದ್ರೂ ಆಕಿ ಕೇಳ್ಯಾಳಲ್ರಿ?’

ಅಷ್ಟು ಹೇಳಿ ಕೂತಳು. ನನ್ನ ಕೈಯಲ್ಲಿ ಸೀಮೆಸುಣ್ಣ ಹಾಗೇ ಇತ್ತು. ಎಷ್ಟು ವಿಮರ್ಶೆ ಓದಿದ್ದೆ ನಾನು! ಅವಳ ಕಾಮದ ಬಗ್ಗೆ ಪುಟಗಟ್ಟಲೆ ಇದೆ, ಅವನ ಗೂನಿನ ಬಗ್ಗೆ ಇದೆ. ಅವಳು ಕೇಳಿದ್ದು ಏನು ಅಂತ ಯಾರೂ ಕೇಳಿಲ್ಲ. ಅವಳು ಕಣ್ಣಿನಿಂದ ಕೆಟ್ಟವಳಲ್ಲರೀ, ಕಿವಿಯಿಂದ ಕೆಟ್ಟವಳು. ಆ ಗಳಿಗೆಗೆ ಅವನು ಕುಂಟನೋ ಕುರುಡನೋ ಅವಳಿಗೆ ಗೊತ್ತೇ ಇಲ್ಲ.

ನಮ್ಮ ಚಿಗವ್ವ ಒಬ್ಬಳಿದ್ದಳು. ಅಮಾವಾಸ್ಯೆಗೆ ಮಠದಲ್ಲಿ ರಾತ್ರಿಯಿಡೀ ಭಜನೆ, ಏಕತಾರಿ, ದಮ್ಮಡಿ. ಮನೆ ಮಠದಿಂದ ಎರಡು ಓಣಿ ಆಚೆ. ಹೆಣ್ಣುಮಕ್ಕಳು ಆ ಹೊತ್ತಿನಲ್ಲಿ ಅಲ್ಲಿಗೆ ಹೋಗುವಂತಿರಲಿಲ್ಲ. ಕಾಕಾ ಪಕ್ಕದಲ್ಲಿ ಗೊರಕೆ ಹೊಡೆಯುತ್ತಿದ್ದರೆ ಇವಳು ಮಾಳಿಗೆ ಮೇಲೆ ಕಣ್ಣು ಬಿಟ್ಟುಕೊಂಡು ಮಲಗಿರುತ್ತಿದ್ದಳು. ಬೆಳಿಗ್ಗೆ ರೊಟ್ಟಿ ಬಡಿಯುತ್ತ, ‘ನಿನ್ನಿ ಕಡಕೋಳ ಮಡಿವಾಳಪ್ಪನ ಪದ ಹಾಡಿದಾಂವ ಯಾರೋ? ದನಿ ಹೊಸಾದು’ ಅನ್ನುತ್ತಿದ್ದಳು. ಕಾಕಾನಿಗೆ ಭಜನೆ ನಡೆದದ್ದೇ ಗೊತ್ತಿರುತ್ತಿರಲಿಲ್ಲ. ಚಿಗವ್ವ ಎದ್ದು ಹೋಗಲಿಲ್ಲ, ಅಮೃತಮತಿ ಎದ್ದು ಹೋದಳು. ಇಬ್ಬರ ನಡುವೆ ಒಂದು ಮೆಟ್ಟಿಲಿನ ಅಂತರ. ಆ ಹುಡುಗಿ ಪ್ರಶ್ನೆ ಕೇಳಿದ ದಿನ ನನಗೆ ಚಿಗವ್ವನ ಹಿಟ್ಟು ಮೆತ್ತಿದ ಕೈಯೇ ನೆನಪಾಯಿತು.

ರಾಣಿಯ ಸಖಿ ಹೋಗಿ ಮಾವುತನನ್ನು ನೋಡಿ ಬಂದು, ‘ಇಂಥವನಾ ನಿನಗೆ?’ ಅಂತ ಹೇಸುತ್ತಾಳೆ. ಆಗ ರಾಣಿಯ ಉತ್ತರ ನೋಡಿ. ಕಸ್ತೂರಿ ಕಪ್ಪು, ಗಂಧದ ಮರ ಮುರುಟು, ಮನ್ಮಥನ ಬಿಲ್ಲು ಡೊಂಕು, ಹಾಗಂತ ಯಾರಾದರೂ ಬೇಡ ಅಂದರೇ? ‘ಪೊಲ್ಲಮೆಯೆ ಲೇಸು ನಲ್ಲರ ಮೆಯ್ಯೊಳ್.’ ಪ್ರೀತಿಸಿದವರ ಮೈಯಲ್ಲಿ ಕುರೂಪವೇ ಚೆಂದ ಅಂತ. ಕಾಮುಕ ಹೆಣ್ಣಿಗೆ ಇಂಥ ಸಾಲು ಕೊಡುವ ಕವಿ ಯಾರು? ಖಳನಾಯಕಿಗೆ ಮಾತು ಬರೆಯುವಾಗ ಕವಿಯ ಕೈ ಬಿಗಿ ಇರುತ್ತದೆ. ಇಲ್ಲಿ ಜನ್ನ ಕಾಳಿನ ಹಗೇವು ತೆರೆದು ಸುರಿದುಬಿಟ್ಟಿದ್ದಾನೆ. ಅವಳನ್ನು ನರಕಕ್ಕೆ ಕಳಿಸುವುದು ಅವನ ಧರ್ಮ, ಒಪ್ಪಿದೆ. ಕಳಿಸುವ ಮೊದಲು ಬುತ್ತಿ ಕಟ್ಟಿ ಕೊಟ್ಟಿದ್ದಾನಲ್ಲ, ಅದನ್ನು ಯಾಕೆ ಯಾರೂ ಬಿಚ್ಚಿ ನೋಡುವುದಿಲ್ಲ?

ಈಗ ನನ್ನ ಮೊದಲ ಮಾತು, ಮುಖ್ಯ ಮಾತು. ಇದನ್ನು ಹೇಳಲಿಕ್ಕೇ ಬಂದದ್ದು.

ಈ ಕಾವ್ಯದ ಕಾನೂನು ಏನು? ಸಂಕಲ್ಪ ಹಿಂಸೆ. ಕೈಯಲ್ಲಿ ಸತ್ತದ್ದು ಹಿಟ್ಟೇ ಇರಬಹುದು, ಮನಸ್ಸಿನಲ್ಲಿ ಕಡಿದದ್ದು ಜೀವ ಆದ್ದರಿಂದ ಪಾಪ ಪೂರ್ತಿ. ನಮ್ಮವ್ವ ರೊಟ್ಟಿ ಮಾಡುವಾಗ ಉಳಿದ ಜೋಳದ ಹಿಟ್ಟಿನಲ್ಲಿ ಗುಬ್ಬಿ ಮಾಡಿ ಹಂಚಿನ ಮೇಲೆ ಸುಟ್ಟು ಕೊಡುತ್ತಿದ್ದಳು. ಕಣ್ಣಿಗೆ ಎರಡು ಎಳ್ಳು. ನಾನು ಮೊದಲು ತಲೆಯನ್ನೇ ಕಚ್ಚುತ್ತಿದ್ದೆ. ಜನ್ನನ ಲೆಕ್ಕ ಹಿಡಿದರೆ ನನಗೆ ಇನ್ನೂ ಎಷ್ಟು ಜನ್ಮ ಬಾಕಿಯೋ. ತಮಾಷೆ ಇರಲಿ, ಕಾನೂನು ಕಾನೂನೇ. ಹಾಗಿದ್ದರೆ ಆ ರಾತ್ರಿ ಯಶೋಧರ ಕತ್ತಿ ಎತ್ತಿದ್ದು ಯಾವುದರ ಮೇಲೆ? ಹಿಟ್ಟಿನ ಮೇಲಲ್ಲ. ಉಸಿರಾಡುವ ಇಬ್ಬರ ಮೇಲೆ, ಒಬ್ಬಳು ಅವನ ಹೆಂಡತಿ. ಎತ್ತಿ ಇಳಿಸಿದ, ಹೌದು. ಇಳಿಸಿದ್ದಕ್ಕೆ ಎಲ್ಲರೂ ಅವನ ಸಂಯಮ ಹೊಗಳುತ್ತಾರೆ. ನಾನು ಕೇಳುವುದು ಇಷ್ಟೇ: ಹಿಟ್ಟಿನ ಕೋಳಿಗೆ ಇಷ್ಟೆಲ್ಲ ಜನ್ಮ ಆದರೆ ಎತ್ತಿದ ಕತ್ತಿಗೆ ಎಷ್ಟು? ಕಾವ್ಯದ ಲೆಕ್ಕದ ಪುಸ್ತಕದಲ್ಲಿ ಆ ಪುಟವೇ ಇಲ್ಲ.

ಮರುದಿನದ್ದು ಇನ್ನೂ ಘೋರ. ರಾಜ ಸರಸಕ್ಕೆಂಬಂತೆ ಅವಳನ್ನು ನೈದಿಲೆಯ ಹೂವಿನಿಂದ ಹೊಡೆಯುತ್ತಾನೆ. ಅವಳು ಮೂರ್ಛೆ ಹೋಗುತ್ತಾಳೆ. ಅಯ್ಯೋ, ಹೂವಿನ ಪೆಟ್ಟಿಗೇ ಸಾಯುತ್ತಿದ್ದೆಯಲ್ಲ ಅಂತ ಅವನು ಕೊಂಕು ತೆಗೆಯುತ್ತಾನೆ. ತಡವಾಗಿ ಬಂದಳೆಂದು ಹಿಂದಿನ ರಾತ್ರಿ ಮಾವುತ ಅವಳ ಜುಟ್ಟು ಹಿಡಿದು ಒದ್ದದ್ದನ್ನು ಇವನು ಮರೆಯಲ್ಲಿ ನಿಂತು ಕಂಡಿದ್ದ. ಪಾಠ ಮಾಡುವವರು ಇಲ್ಲಿ, ‘ನೋಡಿ, ಎಂಥ ನಟನೆ ಅವಳದು!’ ಅನ್ನುತ್ತಾರೆ. ನಟನೆ ಯಾರದ್ದು? ಆ ಹೂವಿನ ಏಟಿನಲ್ಲೇ ಅವಳಿಗೆ ತಿಳಿದುಹೋಗಿರಬೇಕು, ಇವನಿಗೆ ಎಲ್ಲ ಗೊತ್ತು ಅಂತ. ನನ್ನ ಊಹೆ ಇದು, ಜನ್ನ ಹೇಳಿಲ್ಲ.

ಹಾಗಂತ ಅವಳನ್ನು ನಾನು ಗದ್ದುಗೆ ಮೇಲೆ ಕೂಡಿಸಲು ಬಂದಿಲ್ಲ. ಅವಳು ಗಂಡನಿಗೂ ಅತ್ತೆಗೂ ಊಟದಲ್ಲಿ ವಿಷ ಇಟ್ಟವಳು. ಅದೂ ಅವನು ರಾಜ್ಯ ಮಗನಿಗೆ ಒಪ್ಪಿಸಿ ಎಲ್ಲ ಬಿಟ್ಟು ಹೊರಡಲು ನಿಂತಾಗ. ಎರಡು ಕೊಲೆ. ಅವಳ ಪರ ವಕೀಲಿಕೆ ಮಾಡುವವನು ಈ ಕಾಗದವನ್ನು ಬಗಲಲ್ಲಿ ಮುಚ್ಚಿಡಬಾರದು. ಅದರ ಜೊತೆಗೆ ಇನ್ನೊಂದು ಕಾಗದವೂ ಇದೆ. ಮಾವುತ ಒದ್ದಾಗ ಅವಳು ಅವನ ಕಾಲು ಹಿಡಿದು, ನೀನು ಬಿಟ್ಟರೆ ಸಾಯುತ್ತೇನೆ, ಉಳಿದ ಗಂಡಸರೆಲ್ಲ ನನಗೆ ಅಣ್ಣತಮ್ಮಂದಿರು ಅನ್ನುತ್ತಾಳೆ. ಇದು ಪತಿವ್ರತೆಯ ಭಾಷೆ ಅಲ್ಲವೇನ್ರಿ? ತಾಳಿ ಕಟ್ಟಿದವನ ಮುಂದೆ ಆಡಬೇಕಾದ ಮಾತನ್ನು ಲಾಯದ ಹುಲ್ಲಿನ ಮೇಲೆ ಆಡಿದ್ದಾಳೆ. ನಗಬೇಕೋ ಅಳಬೇಕೋ ಇವತ್ತಿಗೂ ನನಗೆ ತಿಳಿಯುವುದಿಲ್ಲ. ‘ಚಂಚಲ ಚಿತ್ತ’ವಂತೆ! ಇಡೀ ಕಾವ್ಯದಲ್ಲಿ ಚಂಚಲ ಇಲ್ಲದವಳು ಅವಳೊಬ್ಬಳೇ. ರಾಜ ಕತ್ತಿ ಎತ್ತುತ್ತಾನೆ ಇಳಿಸುತ್ತಾನೆ, ಬಲಿ ಒಲ್ಲೆ ಅನ್ನುತ್ತಾನೆ ಹಿಟ್ಟು ಕಡಿಯುತ್ತಾನೆ.

ಚೀಟಿ ಬಂತು. ‘ಹತ್ತು ನಿಮಿಷ’ ಅಂತ ಬರೆದು ಹೊಡೆದುಹಾಕಿ ‘ಐದು’ ಮಾಡಿದ್ದಾರೆ. ಆಗಲಿ.

ಎರಡನೆಯ ಮಾತು ಬಿಡುಗಡೆಯದ್ದು. ಬೇಗ ಹೇಳುತ್ತೇನೆ. ಈ ಕಾವ್ಯದಲ್ಲಿ ಎಲ್ಲರಿಗೂ ಬಿಡುಗಡೆ ಇದೆ. ಚಂಡಮಾರಿ ದೇವಿಗೆ ಬಲಿ ಕೊಡಲು ಜೀವಗಳನ್ನು ಕೂಡಿಹಾಕಿದ್ದ ರಾಜ ಮಾರಿದತ್ತನೇ ಈ ಕತೆ ಕೇಳಿ ಕತ್ತಿ ಇಳಿಸುತ್ತಾನೆ. ತಾಯಿ ಮಗ ಜನ್ಮ ಸವೆಸಿ, ಕಡೆಗೆ ಅಭಯಮತಿ, ಅಭಯರುಚಿ ಅಂತ ಎಳೆಯ ಮಕ್ಕಳಾಗಿ ಹುಟ್ಟಿ ದಾರಿ ಕಾಣುತ್ತಾರೆ. ಅಮೃತಮತಿಗೆ? ಮೈ ಕೊಳೆಯುವ ರೋಗ, ಆಮೇಲೆ ನರಕ. ಅವಳಿಗೆ ಒಂದು ಕೋಳಿಯ ಜನ್ಮ ಕೂಡ ಸಿಗಲಿಲ್ಲ ನೋಡ್ರಿ! ತಿದ್ದಿಕೊಳ್ಳಲು ಒಂದು ಆಡು, ಒಂದು ಮೀನು, ಏನೂ ಇಲ್ಲ. ಮತ್ತೆ ಅಲ್ಲಿಗೇ ಬರುತ್ತೇನೆ: ಎತ್ತಿದ ಕತ್ತಿಗೆ ಲೆಕ್ಕ ಇಲ್ಲ, ಹಿಟ್ಟಿಗೆ ಲೆಕ್ಕ ಇದೆ, ಅವಳಿಗೆ ಖಾತೆಯೇ ಇಲ್ಲ.

ತಪ್ಪು ಮಾಡಿದವರಿಗೆ ಕರುಣೆ ತೋರುವುದು ಜನ್ನನಿಗೆ ಬರುತ್ತಿರಲಿಲ್ಲ ಅನ್ನಬೇಡಿ. ಅವನದೇ 1230ರ ‘ಅನಂತನಾಥ ಪುರಾಣ’ದಲ್ಲಿ ಚಂಡಶಾಸನ ಗೆಳೆಯನ ಹೆಂಡತಿ ಸುನಂದೆಯನ್ನೇ ಹೊತ್ತೊಯ್ಯುತ್ತಾನೆ. ಸುನಂದೆ ಸತ್ತ ಮೇಲೆ ಅವಳ ಹೆಣದ ಜೊತೆ ಬೆಂಕಿಯಲ್ಲಿ ಬೇಯುತ್ತಾನೆ. ಓದುವವರ ಕಣ್ಣು ತೇವ ಆಗುತ್ತದೆ. ತಪ್ಪು ಮಾಡಿದ ಗಂಡಿಗೆ ಘನತೆಯ ಸಾವು ಕೊಡುವುದು ಅವನಿಗೆ ಗೊತ್ತಿತ್ತು. ಇಪ್ಪತ್ತೊಂದು ವರ್ಷದಲ್ಲಿ ಕವಿ ಮಾಗಿದನೋ, ಗಂಡೆಂದು ಕರುಣೆ ಬಂತೋ, ಎಂ.ಎ. ಹುಡುಗರು ಯಾರಾದರೂ ಕೂತು ನೋಡಿ. ಮೂರನೆಯ ಮಾತು ಕಾರ್ನಾಡರ ‘ಹಿಟ್ಟಿನ ಹುಂಜ’ದ್ದಿತ್ತು, ಅದು ಹೋಯಿತು. ಪುಸ್ತಕ ಸಿಗುತ್ತದೆ, ಓದಿಕೊಳ್ಳಿ.

ಆ ತಾಂಡಾದ ಹುಡುಗಿಯ ಪ್ರಶ್ನೆಗೆ ನನ್ನ ಹತ್ತಿರ ಇವತ್ತಿಗೂ ಉತ್ತರ ಇಲ್ಲ. ಮೊನ್ನೆ ಮಳಖೇಡಕ್ಕೆ ಹೋಗಿದ್ದೆ. ಕಾಗಿಣಾ ದಂಡೆಯಲ್ಲಿ ಎಮ್ಮೆ ಮೈ ತೊಳೆಯುತ್ತ ಒಬ್ಬ ಮುದುಕ ಏನೋ ಹಾಡಿಕೊಳ್ಳುತ್ತಿದ್ದ. ಹತ್ತಿರ ಹೋಗಿ, ‘ಯಾವ ಪದ ಅದು ಯಜಮಾನ್ರ?’ ಅಂತ ಕೇಳಿದೆ. ಹಾಡು ನಿಲ್ಲಿಸಿ ನನ್ನ ಬೂಟು ನೋಡಿದ. ‘ಏನಿಲ್ರೀ ಸಾಹೇಬ್ರ, ಹಂಗಽ’ ಅಂದು ಎಮ್ಮೆಯ ಬೆನ್ನಿಗೆ ನೀರು ಹೊಯ್ದ. ನಾನು ದಂಡೆ ಏರಿ ಬಂದ ಮೇಲೆ ಮತ್ತೆ ಶುರು ಮಾಡಿದ.

ಅಧ್ಯಕ್ಷರು ಎದ್ದು ನಿಂತಿದ್ದಾರೆ, ನಾನು ಕೂತುಕೊಳ್ಳುತ್ತೇನೆ. ಪ್ರಶ್ನೆ ಇದ್ದವರು ಕೇಳಿ. ಸೇಡಂ ಬಸ್ಸಿಗೆ ಹೋಗುವವರು ಮೊದಲು.