ಅರಗು ಮನೆಗೆ ಬಾರದು, ಕಡತ ಬರಬಹುದು

ಎಲ್ಲರಿಗೂ ನಮಸ್ಕಾರ.

ವಿಧಿವಿಜ್ಞಾನ (ಫೊರೆನ್ಸಿಕ್) ಓದುತ್ತಿರುವ ಮಕ್ಕಳು ಈಚೆಗೆ ಮೊದಲು ಕೇಳುವ ಪ್ರಶ್ನೆ ಒಂದೇ: "ಈ ಕೆಲಸವನ್ನು ಮನೆಯಿಂದ ಮಾಡಬಹುದಾ?" ತಪ್ಪು ಪ್ರಶ್ನೆಯಲ್ಲ. ಅಕ್ಕ ತಮ್ಮಂದಿರು ಹಾಸನದ ತೋಟದ ಮನೆಯಲ್ಲಿ ಕೂತು ಬೆಂಗಳೂರಿನ ಕಂಪನಿಗೆ ದುಡಿಯುವುದನ್ನು ನೋಡಿ ಬೆಳೆದವರು ಇವರು. "ಆಗೋದೇ ಇಲ್ಲ" ಎಂದು ಹಿರಿಯರು ಗದರಿಸುತ್ತಾರೆ. "ಎಲ್ಲಾ ಕಂಪ್ಯೂಟರಲ್ಲೇ ತಾನೇ" ಎಂದು ಕಿರಿಯರು ಗೊಣಗುತ್ತಾರೆ. ಇಬ್ಬರೂ ಅರ್ಧ ಸರಿ. ಎಲ್ಲಿಯವರೆಗೆ ಸರಿ ಅನ್ನುವುದನ್ನು ಹೇಳಲು ಇವತ್ತು ಬಂದಿದ್ದೇನೆ.

ಈ ಮಾತಿಗೆ ಈಗಲೇ ಯಾಕೆ ಅವಸರ? 2024ರ ಜುಲೈ 1ರಿಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ ಜಾರಿಯಲ್ಲಿದೆ. ಏಳು ವರ್ಷ ಅಥವಾ ಹೆಚ್ಚಿನ ಶಿಕ್ಷೆಯ ಅಪರಾಧವಾದರೆ ವಿಧಿವಿಜ್ಞಾನ ತಜ್ಞರು ಸ್ಥಳಕ್ಕೆ ಹೋಗಲೇಬೇಕು ಎನ್ನುತ್ತದೆ ಅದರ 176(3)ನೇ ಕಲಂ. ಅದನ್ನು ಜಾರಿಗೆ ತರಲು ರಾಜ್ಯಗಳಿಗೆ ಐದು ವರ್ಷದ ಗಡುವಿದೆ. ಸ್ಥಳಕ್ಕೆ ಹೋದಷ್ಟೂ ಮಾದರಿ ಹೆಚ್ಚು ಬರುತ್ತದೆ. ಬೆಂಗಳೂರಿನ ಮಡಿವಾಳದ ರಾಜ್ಯ ಪ್ರಯೋಗಾಲಯಕ್ಕೂ ಮೈಸೂರು, ಬೆಳಗಾವಿ, ಕಲಬುರಗಿ, ದಾವಣಗೆರೆ, ಮಂಗಳೂರಿನ ಪ್ರಾದೇಶಿಕ ಪ್ರಯೋಗಾಲಯಗಳಿಗೂ ಬರುವ ಹೊರೆ ಅದು. ಯಂತ್ರ ಕೊಳ್ಳಬಹುದು. ಫಲಿತಾಂಶವನ್ನು ಎರಡನೇ ಸಲ ನೋಡುವ ಅನುಭವಿ ಕಣ್ಣು ಎಲ್ಲ ಊರಿನಲ್ಲೂ ಸಿಗುವುದಿಲ್ಲ. ಆ ಕಣ್ಣು ಬೇರೆ ಊರಲ್ಲಿದ್ದರೂ ನಡೆಯುತ್ತದೆ ಎನ್ನುವುದೇ ನನ್ನ ವಾದ. ಅದಕ್ಕೊಂದು ಷರತ್ತೂ ಇದೆ, ಅದಕ್ಕೆ ಬರುತ್ತೇನೆ.

ಮೊದಲು ಮನೆಗೆ ಬಾರದ್ದು ಯಾವುದು ನೋಡೋಣ. ಮುದ್ದೇಮಾಲು, ಅಂದರೆ ಪೊಲೀಸರು ವಶಪಡಿಸಿಕೊಂಡು ಕಳಿಸಿದ ವಸ್ತು, ಬಂದಾಗ ಪೊಟ್ಟಣದ ಮೇಲಿನ ಅರಗಿನ ಮುದ್ರೆಯನ್ನು ಪತ್ರದ ಜೊತೆ ಬಂದ ಮಾದರಿ ಮುದ್ರೆಯ ಪಕ್ಕ ಹಿಡಿದು ಅಕ್ಷರಕ್ಕೆ ಅಕ್ಷರ ಹೋಲಿಸಬೇಕು. ದಾರ ಅರಗಿನ ಕೆಳಗೆ ಅಲ್ಲಾಡುತ್ತದೆಯೇ ಎಂದು ಬೆರಳಿನಿಂದ ನೋಡಬೇಕು. ಫೋಟೊದಲ್ಲಿ ಅರಗು ಹೊಳೆಯುತ್ತದೆ, ಹೊಳೆದ ಕಡೆ ಅಕ್ಷರ ಕಾಣುವುದಿಲ್ಲ, ಅಲ್ಲಾಡುವ ದಾರವಂತೂ ಕಾಣುವುದೇ ಇಲ್ಲ. ಮಾದಕವಸ್ತುವಿಗೆ 2022ರ ನಿಯಮಗಳ ಪ್ರಕಾರ ಮಾದರಿ 5 ಗ್ರಾಂಗಿಂತ ಕಡಿಮೆ ಇರಬಾರದು. ಅಫೀಮು, ಗಾಂಜಾ, ಚರಸ್ ಆದರೆ 24 ಗ್ರಾಂ. ಎಲ್ಲವೂ ಎರಡೆರಡು ಪ್ರತಿ. ಈ ತೂಕವನ್ನು ತಕ್ಕಡಿಯ ಮುಂದೆ ನಿಂತೇ ನೋಡಬೇಕು.

ಬಣ್ಣದ ಪರೀಕ್ಷೆಯೂ ಹಾಗೆಯೇ. ಮಾದಕವಸ್ತು ಗುರುತಿಸಲು ಬಳಸುವ ಮಾರ್ಕ್ವಿಸ್ ದ್ರಾವಣಕ್ಕೆ ಎಂಡಿಎಂಎ ಎಂಬ ಮಾದಕವಸ್ತು ಬಿದ್ದರೆ ನೇರಳೆ, ಆಮೇಲೆ ಕಪ್ಪು. ಮೆಥ್‌ಆಂಫೆಟಮಿನ್ ಆದರೆ ಕಿತ್ತಳೆ, ಆಮೇಲೆ ಕಂದು. ಮೊದಲ ಕೆಲವು ಕ್ಷಣದ ಬಣ್ಣವೇ ಲೆಕ್ಕ. ಫೋನಿನ ಕ್ಯಾಮೆರಾ ಟ್ಯೂಬ್‌ಲೈಟ್ ಬೆಳಕಿಗೆ ತಾನೇ ಬಿಳಿ ಬಣ್ಣ ಹೊಂದಿಸಿಕೊಂಡು ಕಿತ್ತಳೆಯನ್ನು ಹಳದಿಯಾಗಿಸುತ್ತದೆ, ನೇರಳೆಯನ್ನು ನೀಲಿಯಾಗಿಸುತ್ತದೆ. ವಿಡಿಯೊ ಕಾಲ್‌ನಲ್ಲಿ ಬಣ್ಣ ನೋಡಿ "ಸರಿ, ಬರೆದುಕೊಳ್ಳಿ" ಅನ್ನುವ ಅಭ್ಯಾಸವನ್ನು ಯಾರೂ ಶುರುಮಾಡಬೇಡಿ.

ಇಲ್ಲಿ ಒಂದು ಹಳೆಯ ಪ್ರಕರಣ ಹೇಳಲೇಬೇಕು. ನಿಮ್ಮಲ್ಲಿ ಬಹಳ ಜನಕ್ಕೆ ಗೊತ್ತು, ಆದರೂ ಇನ್ನೊಮ್ಮೆ ಕೇಳಿ. 1840, ಫ್ರಾನ್ಸಿನ ಟ್ಯೂಲ್ ಪಟ್ಟಣ. ಗಂಡ ಶಾರ್ಲ್ ಲಫಾರ್ಜ್‌ಗೆ ಆರ್ಸೆನಿಕ್ ಹಾಕಿ ಕೊಂದಳೆಂದು ಹೆಂಡತಿ ಮಾರಿಯ ಮೇಲೆ ಆರೋಪ. ಜಠರದ ಅಂಶ ಪರೀಕ್ಷಿಸಿದ್ದು ಸ್ಥಳೀಯ ವೈದ್ಯರು. ಹಳದಿ ಪ್ರಕ್ಷೇಪ (ದ್ರಾವಣದ ತಳಕ್ಕೆ ಕೂರುವ ಪುಡಿ) ಬಂತು, ಅದನ್ನು ಲೋಹದ ರೂಪಕ್ಕೆ ಇಳಿಸಲು ಹೋದಾಗ ಗಾಜಿನ ನಳಿಕೆ ಒಡೆದುಹೋಯಿತು. ಹಳದಿ ಬಂತಲ್ಲ, ಆರ್ಸೆನಿಕ್ಕೇ ಸರಿ ಎಂದರು. ಪ್ರತಿವಾದಿ ವಕೀಲರು ಪ್ಯಾರಿಸ್ಸಿನಲ್ಲಿದ್ದ ಮಾಥ್ಯೂ ಓರ್ಫಿಲಾ ಅವರ ಅಭಿಪ್ರಾಯ ಕೇಳಿದರು. ವಿಷವಿಜ್ಞಾನದಲ್ಲಿ ಅವರ ಮಾತಿಗೆ ಮೇಲಿಲ್ಲ. ಹಳದಿ ಪ್ರಕ್ಷೇಪವೊಂದೇ ಸಾಕ್ಷ್ಯವಲ್ಲ, ಲೋಹ ತೆಗೆದು ತೋರಿಸದಿದ್ದರೆ ಈ ಪರೀಕ್ಷೆ ನಿಲ್ಲುವುದಿಲ್ಲ ಎಂದು ಓರ್ಫಿಲಾ ಅಲ್ಲಿಂದಲೇ ಬರೆದು ಕಳಿಸಿದರು. ಗಮನಿಸಿ, ಪ್ಯಾರಿಸ್ ಬಿಟ್ಟು ಕದಲದೆ ಒಂದು ವರದಿಯನ್ನು ಬೀಳಿಸಿದರು. ದೂರದ ಕೆಲಸ ಅಂದರೆ ಇದೇ. ಬೇರೆಯವರ ವಿಧಾನ ಓದಿ ಎಲ್ಲಿ ಹೆಜ್ಜೆ ತಪ್ಪಿದೆ ಎಂದು ಹೇಳುವುದು.

ಕಥೆ ಅಲ್ಲಿಗೇ ಮುಗಿಯಲಿಲ್ಲ. ಔಷಧ ತಯಾರಕರನ್ನು ಕರೆಸಿ, ನಾಲ್ಕು ವರ್ಷದ ಹಿಂದೆಯಷ್ಟೇ ಪ್ರಕಟವಾಗಿದ್ದ ಮಾರ್ಷ್ ಪರೀಕ್ಷೆ ಮಾಡಿಸಿದರು. ಸತು, ಗಂಧಕಾಮ್ಲ, ಮೇಲೆ ಬಂದ ಅನಿಲವನ್ನು ಕಾಯಿಸಿದರೆ, ಆರ್ಸೆನಿಕ್ ಇದ್ದಲ್ಲಿ ಗಾಜಿನ ಮೇಲೆ ಕರಿಯ ಕನ್ನಡಿ. ಕನ್ನಡಿ ಬರಲಿಲ್ಲ. ಹೆಣ ಹೊರತೆಗೆದು ಮತ್ತೆ ನೋಡಿದರು, ಅದರಲ್ಲೂ ಇಲ್ಲ. ಆಹಾರದಲ್ಲಿ ಮಾತ್ರ ಧಾರಾಳವಾಗಿ ಸಿಕ್ಕಿತು. ಈ ಗೊಂದಲ ಬಿಡಿಸಲು ಇನ್ನೊಂದು ಪತ್ರ ಸಾಕಾಗಲಿಲ್ಲ, ಓರ್ಫಿಲಾ ಟ್ಯೂಲ್‌ಗೆ ಬರಲೇಬೇಕಾಯಿತು. ಬಂದವರು ಮೊದಲಿನ ರಸಾಯನಜ್ಞರನ್ನು ಪಕ್ಕದಲ್ಲೇ ನಿಲ್ಲಿಸಿಕೊಂಡು ಪರೀಕ್ಷೆ ಮಾಡಿದರು. ದೇಹದಲ್ಲಿ ಆರ್ಸೆನಿಕ್ ಇದೆ, ಅದು ರಾಸಾಯನಿಕಗಳಿಂದ ಬಂದದ್ದಲ್ಲ, ಗೋರಿಯ ಮಣ್ಣಿನಿಂದ ಬಂದದ್ದೂ ಅಲ್ಲ ಎಂದರು. ಪ್ರತಿವಾದಿ ಪರವಾಗಿ ಕರೆಸಿದ್ದ ರಸಾಯನಜ್ಞ ರಾಸ್ಪೈಲ್ ತೀರ್ಪಾದ ಮೇಲೆ ತಲುಪಿದರು. ಪರೀಕ್ಷೆಗೆ ಬಳಸಿದ ಸತುವಿನಲ್ಲೇ ಆರ್ಸೆನಿಕ್ ಇದ್ದಿದ್ದರೆ ಎನ್ನುವ ಜಗಳ ಆಮೇಲೂ ಮುಂದುವರಿಯಿತು. ಮಾದರಿಗಿಂತ ಮೊದಲು ಬ್ಲ್ಯಾಂಕ್ (ಮಾದರಿ ಹಾಕದೆ ಮಾಡಿದ ಪರೀಕ್ಷೆ) ಎಲ್ಲಿದೆ ಎಂದು ನಾವು ಇವತ್ತಿಗೂ ಕೇಳುವುದಕ್ಕೆ ಇಂಥ ಜಗಳಗಳೇ ಕಾರಣ.

ಈಗ ಷರತ್ತಿಗೆ ಬರೋಣ. ದೂರದಲ್ಲಿ ಕೂತವರು ಪಿಡಿಎಫ್ ನೋಡಿ ಸಹಿ ಹಾಕಬಾರದು, ಯಂತ್ರವೇ ಬರೆದ ಮೂಲ ಕಡತ ತೆರೆಯಬೇಕು.

ಯಾಕೆ ಅಂತ ಒಂದು ಉದಾಹರಣೆಯಲ್ಲೇ ತೋರಿಸುತ್ತೇನೆ. ಮೆಥ್‌ಆಂಫೆಟಮಿನ್, ಅಣುತೂಕ 149. ಹಸಿವು ತಗ್ಗಿಸುವ ಔಷಧ ಫೆಂಟರ್ಮಿನ್, ಅದರದ್ದೂ 149. ಪರಮಾಣುಗಳು ಅವೇ, ಕಟ್ಟಿದ ರೀತಿ ಬೇರೆ. ಜಿಸಿ-ಎಂಎಸ್‌ನಲ್ಲಿ, ಅಂದರೆ ವಸ್ತುಗಳನ್ನು ಬೇರ್ಪಡಿಸಿ ಅಣುಗಳನ್ನು ಒಡೆದು ಚೂರುಗಳ ತೂಕ ತೋರಿಸುವ ಯಂತ್ರದಲ್ಲಿ, ಓಡಿಸಿದರೆ ಎರಡರಲ್ಲೂ ಎತ್ತರದ ಗೆರೆ 58ರಲ್ಲಿ, ಪಕ್ಕಕ್ಕೆ 91. ಮೂಲ ಅಣುವಿನ 149 ಕಣ್ಣಿಗೆ ಬೀಳುವಷ್ಟು ಇರುವುದೇ ಇಲ್ಲ. ಯಂತ್ರದ ಗ್ರಂಥಾಲಯದಲ್ಲಿರುವ ಚಿತ್ರಗಳ ಜೊತೆಗಿನ ಹೋಲಿಕೆ ಎರಡಕ್ಕೂ ಒಳ್ಳೆಯ ಅಂಕ ಕೊಡುತ್ತದೆ, ಒಂದರ ಹೆಸರು ಮೇಲೆ, ಇನ್ನೊಂದರದ್ದು ಕೆಳಗೆ. ಪಿಡಿಎಫ್‌ನಲ್ಲಿ ಮೇಲಿನ ಹೆಸರು ದಪ್ಪಕ್ಷರದಲ್ಲಿರುತ್ತದೆ, ಕಣ್ಣು ಅಲ್ಲೇ ನಿಲ್ಲುತ್ತದೆ. ಬೇರ್ಪಡಿಸುವುದು ಕಾಲಂನಿಂದ (ಯಂತ್ರದೊಳಗಿನ ಉದ್ದನೆಯ ಸಣ್ಣ ನಳಿಕೆ) ಹೊರಬರುವ ಹೊತ್ತು. ಅದನ್ನು ಅದೇ ದಿನ, ಅದೇ ಸೀಕ್ವೆನ್ಸ್‌ನಲ್ಲಿ (ಓಟಗಳ ಸರಣಿ) ಓಡಿದ ಸ್ಟ್ಯಾಂಡರ್ಡ್, ಅಂದರೆ ಏನೆಂದು ಖಚಿತವಾಗಿ ಗೊತ್ತಿರುವ ವಸ್ತುವಿನ, ಜೊತೆ ಹೋಲಿಸಬೇಕು, ಹೋದ ತಿಂಗಳದ್ದರ ಜೊತೆ ಅಲ್ಲ. ನಡುವೆ ಯಾರಾದರೂ ಕಾಲಂನ ತುದಿ ಅರ್ಧ ಮೀಟರ್ ಕತ್ತರಿಸಿದ್ದರೆ ಹೊತ್ತು ಕಡಿಮೆಯಾಗಿರುತ್ತದೆ. ಇನ್ನೂ ಅನುಮಾನವಿದ್ದರೆ ಟ್ರೈಫ್ಲೋರೋಅಸೆಟೈಲ್ ಕೂಡಿಸಿ ಮತ್ತೆ ಓಡಿಸಿ, ಆಗ ಎರಡರ ಚಿತ್ರವೂ ಬೇರೆಯಾಗುತ್ತದೆ.

ಮೂಲ ಕಡತ ತೆರೆದವರು ಮೊದಲು ಮಾದರಿಗೆ ಹೋಗಬೇಡಿ. ಅವತ್ತಿನ ಟ್ಯೂನ್, ಅಂದರೆ ಗೊತ್ತಿರುವ ವಸ್ತುವಿನಿಂದ ಯಂತ್ರವನ್ನು ಸರಿಹೊಂದಿಸಿದ ದಾಖಲೆ, ನೋಡಿ. 69, 219, 502 ಮೂರೂ ತಮ್ಮ ಜಾಗದಲ್ಲಿವೆಯೇ, 28 ಎದ್ದು ನಿಂತಿದೆಯೇ? ನಿಂತಿದ್ದರೆ ಎಲ್ಲೋ ಗಾಳಿ ಸೋರುತ್ತಿದೆ. ಆಮೇಲೆ ಸೀಕ್ವೆನ್ಸ್ ಪಟ್ಟಿಯನ್ನು ಮೊದಲ ಸಾಲಿನಿಂದ ಕೊನೆಯ ಸಾಲಿನವರೆಗೆ ಓದಿ. ಪ್ರತಿ ಮಾದರಿಗಿಂತ ಮೊದಲು ಬ್ಲ್ಯಾಂಕ್ ಇದೆಯೇ? ಆ ಬ್ಲ್ಯಾಂಕ್ ತೆರೆದು, ಗೆರೆಯನ್ನು ಹಿಗ್ಗಿಸಿ, ಮಾದರಿಯ ಹೊತ್ತಿನಲ್ಲಿ 58 ಇದೆಯೇ ನೋಡಿ. ಪಟ್ಟಿಯಲ್ಲಿ ಇಲ್ಲದ ಒಂದು ಓಟ ಕಡತದಲ್ಲಿದ್ದರೆ ಅದನ್ನು ಯಾಕೆ ಬಿಟ್ಟರು ಎಂದು ಕೇಳಿ. ಪೀಕ್‌ನ (ವಸ್ತು ಹೊರಬಂದಾಗ ಗೆರೆಯಲ್ಲಿ ಏಳುವ ಗುಡ್ಡ) ಏರು, ನೆತ್ತಿ, ಇಳಿಜಾರು ಮೂರೂ ಕಡೆ ಚಿತ್ರ ತೆಗೆದು ನೋಡಿ. ಒಂದೇ ವಸ್ತುವಾದರೆ ಮೂರೂ ಒಂದೇ ಥರ ಇರುತ್ತವೆ. ಇಳಿಜಾರಿನಲ್ಲಿ ಹೊಸ ಗೆರೆ ಹುಟ್ಟಿದರೆ ಒಳಗೆ ಇನ್ನೊಂದು ವಸ್ತು ಅಡಗಿದೆ. ಇದ್ಯಾವುದೂ ಪಿಡಿಎಫ್‌ನಲ್ಲಿ ಸಿಗುವುದಿಲ್ಲ.

ಅಮೆರಿಕದ ಮ್ಯಾಸಚೂಸೆಟ್ಸ್‌ನಲ್ಲಿ 2017ರಲ್ಲಿ 21 ಸಾವಿರಕ್ಕೂ ಹೆಚ್ಚು ಮಾದಕವಸ್ತು ಪ್ರಕರಣಗಳು ವಜಾ ಆದವು. ಒಬ್ಬ ವಿಶ್ಲೇಷಕಿ ಪರೀಕ್ಷಿಸದ ಮಾದರಿಗೂ ಫಲಿತಾಂಶ ಬರೆದಿದ್ದೇ ಕಾರಣ. ಕಾಗದ ಮಾತ್ರ ನೋಡುವವರಿಗೆ ಅವು ಉಳಿದ ವರದಿಗಳಂತೆಯೇ ಅಚ್ಚುಕಟ್ಟು. ಅದಕ್ಕೇ ಹೇಳಿದ್ದು, ಮೂಲ ಕಡತ ತೆರೆಯಿರಿ.

ರಕ್ತದ ಮದ್ಯಾಂಶವನ್ನೂ ಹೀಗೇ ನೋಡಬೇಕು. ಮೋಟಾರು ವಾಹನ ಕಾಯ್ದೆಯ 185ರ ಮಿತಿ 100 ಮಿಲಿ ರಕ್ತಕ್ಕೆ 30 ಮಿಲಿಗ್ರಾಂ. ಫಲಿತಾಂಶ 90 ಬಂದರೆ ಯಾರಿಗೂ ಚಿಂತೆಯಿಲ್ಲ, 32 ಬಂದರೆ ಒಬ್ಬರ ಲೈಸೆನ್ಸು ಒಂದು ಗೆರೆಯ ಮೇಲೆ ನಿಂತಿರುತ್ತದೆ. ಪೀಕ್‌ನ ಬಾಲ ಉದ್ದವಾಗಿದ್ದಾಗ ತಳದ ಗೆರೆಯನ್ನು ಎಲ್ಲಿ ಕೊನೆಗೊಳಿಸಿದರು ಎಂಬುದರ ಮೇಲೆ ವಿಸ್ತೀರ್ಣ ಬದಲಾಗುತ್ತದೆ. ಮಾದರಿಯ ಗೆರೆಯನ್ನು ಕೈಯಿಂದ ಎಳೆದು, ಸ್ಟ್ಯಾಂಡರ್ಡ್‌ನದ್ದನ್ನು ಯಂತ್ರಕ್ಕೇ ಬಿಟ್ಟಿದ್ದರೆ ಆ ಲೆಕ್ಕ ಒಪ್ಪಬೇಡಿ. ಒಂದೇ ರಕ್ತದ ಎರಡು ಬಾಟಲಿ, ಎರಡು ಕಾಲಂ ಇರಬೇಕು; ಪ್ರತಿ ಬಾಟಲಿಗೂ ಒಂದೇ ಅಳತೆಯಲ್ಲಿ ಹಾಕುವ ಆಂತರಿಕ ಸ್ಟ್ಯಾಂಡರ್ಡ್ ಎನ್-ಪ್ರೊಪನಾಲ್‌ನ ಎತ್ತರ ಎಲ್ಲ ಬಾಟಲಿಯಲ್ಲೂ ಹೆಚ್ಚುಕಡಿಮೆ ಒಂದೇ ಇರಬೇಕು. ಒಂದರಲ್ಲಿ ಅದು ಅರ್ಧಕ್ಕೆ ಇಳಿದಿದ್ದರೆ ಆ ಬಾಟಲಿಯ ಮುಚ್ಚಳ ಸರಿಯಾಗಿ ಬಿಗಿಯಾಗಿಲ್ಲ ಎಂದೋ, ಪೈಪೆಟ್ ತಪ್ಪಿದೆ ಎಂದೋ ಅರ್ಥ.

ಕಡತ ಕಳಿಸುವ ಬಗೆ. ಬಹಳಷ್ಟು ಯಂತ್ರಗಳಲ್ಲಿ ಒಂದು ಓಟ ಅಂದರೆ ಒಂದು ಫೈಲ್ ಅಲ್ಲ, ಒಂದು ಫೋಲ್ಡರ್. ಅದನ್ನು ಜಿಪ್ ಮಾಡಿ, ಎಸ್‌ಎಚ್‌ಎ-256 ಹ್ಯಾಶ್ (ಕಡತದ ಬೆರಳಚ್ಚಿನಂಥ ಸಂಕೇತ) ತೆಗೆದು, ಹ್ಯಾಶನ್ನು ಬೇರೆ ದಾರಿಯಲ್ಲಿ ಕಳಿಸಿ. ಅತ್ತ ಕಡೆಯವರು ಬಿಚ್ಚುವ ಮುಂಚೆ ಮತ್ತೆ ಲೆಕ್ಕ ಹಾಕಿ ತಾಳೆ ನೋಡಲಿ. ಇಲ್ಲಿ ಹೊಸಬರು ಎಡವುವುದು ಒಂದೇ ಕಡೆ. ಫೋಲ್ಡರನ್ನು ಸಾಫ್ಟ್‌ವೇರ್‌ನಲ್ಲಿ ತೆರೆದ ಕೂಡಲೇ ಅದು ತನ್ನದೇ ಫೈಲ್‌ಗಳನ್ನು ಒಳಗೆ ಬರೆಯುತ್ತದೆ, ಹ್ಯಾಶ್ ಬದಲಾಗುತ್ತದೆ, ಯಾರೋ ತಿದ್ದಿದರು ಎಂದು ಗಾಬರಿ. ಬಂದದ್ದನ್ನು ಮುಟ್ಟದೆ ಒಂದು ಕಡೆ ಇಡಿ, ಪ್ರತಿಯ ಮೇಲೆ ಕೆಲಸ ಮಾಡಿ. ವಿದ್ಯುನ್ಮಾನ ದಾಖಲೆಗೆ ಭಾರತೀಯ ಸಾಕ್ಷ್ಯ ಅಧಿನಿಯಮದ 63 ಕೇಳುವ ಪ್ರಮಾಣಪತ್ರದಲ್ಲೂ ಹ್ಯಾಶ್ ಬರೆಯಬೇಕು, ಆಗ ಇದೇ ಕೈಹಿಡಿಯುತ್ತದೆ. ಪ್ರಯೋಗಾಲಯದ ಕಂಪ್ಯೂಟರನ್ನೇ ದೂರದಿಂದ ನೋಡುವುದಾದರೆ, ನೆಟ್ ನಿಧಾನವಿದ್ದಾಗ ಪರದೆಯ ಚಿತ್ರ ಒರಟಾಗುತ್ತದೆ, ಪೀಕ್‌ನ ಹೆಗಲ ಮೇಲಿನ ಸಣ್ಣ ಉಬ್ಬು ಅಳಿಸಿಹೋಗುತ್ತದೆ. ಅಂಥ ದಿನ ತೀರ್ಮಾನ ಕೊಡಬೇಡಿ.

ಅಧ್ಯಕ್ಷರು ಗಡಿಯಾರ ನೋಡುತ್ತಿದ್ದಾರೆ, ಬರೆದು ತಂದಿದ್ದರಲ್ಲಿ ಮೂರು ಪುಟ ಬಿಡುತ್ತೇನೆ. ಗಡಿಯಾರ ಎಂದಾಗ ನೆನಪಾಯಿತು: ಕೆಲವು ಸರ್ವರ್‌ಗಳು ಗ್ರೀನ್‌ವಿಚ್ ಸಮಯ ಬರೆಯುತ್ತವೆ. ಮಧ್ಯಾಹ್ನ 3 ಗಂಟೆಯ ಓಟ ಆಡಿಟ್ ಟ್ರೇಲ್‌ನಲ್ಲಿ (ಯಾವಾಗ ಏನಾಯಿತೆಂದು ಸಾಫ್ಟ್‌ವೇರೇ ಬರೆದಿಡುವ ದಾಖಲೆ) ಬೆಳಿಗ್ಗೆ 9.30 ಎಂದಿರುತ್ತದೆ. ಪೊಟ್ಟಣ ಬಿಚ್ಚಿದ್ದು 11ಕ್ಕೆ ಎಂದು ನಿಮ್ಮ ಟಿಪ್ಪಣಿಯಲ್ಲಿದ್ದರೆ, ಬಿಚ್ಚುವ ಮೊದಲೇ ಪರೀಕ್ಷೆ ಹೇಗಾಯಿತು ಎಂದು ವಕೀಲರು ಕೇಳಿಯೇ ಕೇಳುತ್ತಾರೆ. ಐದೂವರೆ ಗಂಟೆಯ ವ್ಯತ್ಯಾಸವನ್ನು ಮೊದಲ ಪುಟದಲ್ಲೇ ಬರೆದಿಡಿ.

ಮನೆಯ ಬಗ್ಗೆ ಎರಡೇ ಮಾತು. ಬಾಗಿಲು ಹಾಕುವ ಕೋಣೆ ಬೇಕು, ಮುದ್ರಣ ಬೇಡ, ವಾಟ್ಸ್ಆ್ಯಪ್ ಬೇಡವೇ ಬೇಡ. ಫೋನಿಗೆ ಬಂದ ಚಿತ್ರ ಮನೆಮಂದಿಯ ಫೋಟೊಗಳ ಜೊತೆ ತಾನೇ ಬ್ಯಾಕಪ್ ಆಗುತ್ತದೆ. ಸತ್ತವರ ಕಡೆಯವರೂ ಒಂದು ಸಂಸಾರವೇ, ಅದು ನೆನಪಿರಲಿ.

ಸಾಕ್ಷಿ ಹೇಳುವುದು. ನಾಗರಿಕ ಸುರಕ್ಷಾ ಸಂಹಿತೆಯ 329ರಂತೆ ಸರ್ಕಾರಿ ತಜ್ಞರ ವರದಿಯನ್ನು ಅವರನ್ನು ಕರೆಸದೆಯೂ ಓದಬಹುದು, ಕರೆಸಿದರೆ ವಿಡಿಯೊ ಮೂಲಕ ಹೇಳುವುದಕ್ಕೆ 530 ದಾರಿ ಮಾಡಿದೆ. ಹೇಳಿ. ಆದರೆ "ನೀವು ಬಿಚ್ಚಿದ ಪೊಟ್ಟಣ ಇದೇನಾ" ಎಂಬ ಪ್ರಶ್ನೆ ಬರುವಂತಿದ್ದರೆ ಖುದ್ದು ಹೋಗಿ. ಅರಗನ್ನು ಕ್ಯಾಮೆರಾಕ್ಕೆ ಹಿಡಿದರೆ ಗುರುತಿಸಲಾಗದು, ಆಗಲೇ ಹೇಳಿದೆ.

ಹಿಂದಿನ ಮೇಜಿನ ಮೇಲೆ ಎರಡು ಹಾಳೆ ಇಟ್ಟಿದ್ದೇನೆ. ಒಂದು ಮೆಥ್‌ಆಂಫೆಟಮಿನ್, ಒಂದು ಫೆಂಟರ್ಮಿನ್. ಹೆಸರನ್ನೂ ಹೊತ್ತನ್ನೂ ಅಳಿಸಿದ್ದೇನೆ. ಚಹಾಕ್ಕೆ ಹೋಗುವಾಗ ನೋಡಿ, ಯಾವುದು ಯಾವುದೆಂದು ನಿಮಗೆ ಅನಿಸುತ್ತದೋ ಹಾಳೆಯ ಹಿಂದೆ ಬರೆದು ಹೋಗಿ.