ಹೇಗೆ ಗೊತ್ತಾಯ್ತು, ಪುಟ್ಟಾ?

ಕೇಳುಗರಿಗೆಲ್ಲ ನಮಸ್ಕಾರ.

ಒಂದನೇ ತರಗತಿಯ ಬಾಗಿಲಲ್ಲಿ ನಿಂತು ಒಳಗೆ ಇಣುಕಿದವರಿಗೆ ಅಲ್ಲಿ ಏನು ನಡೆಯುತ್ತಿದೆ ಅನ್ನುವುದು ತಟ್ಟನೆ ತಿಳಿಯುವುದಿಲ್ಲ. ಒಂದು ಮೂಲೆಯಲ್ಲಿ ನಾಲ್ಕು ಮಕ್ಕಳು ಕಡ್ಡಿ ಎಣಿಸಿ ಕಟ್ಟು ಕಟ್ಟುತ್ತಿರುತ್ತಾರೆ. ಇನ್ನೊಂದು ಕಡೆ ಜೇಡಿಮಣ್ಣು ಹೊಸೆಯುತ್ತಿರುತ್ತಾರೆ. ಕರಿಹಲಗೆಯ ಹತ್ತಿರ ಕೆಲವರು ಚಪ್ಪಾಳೆ ತಟ್ಟುತ್ತಾ ತಮ್ಮ ಹೆಸರನ್ನು ಬಿಡಿಸಿ ಬಿಡಿಸಿ ಹೇಳುತ್ತಿರುತ್ತಾರೆ. “ಪಾಠ ಯಾವಾಗ ಶುರುವಾಗುತ್ತೆ ಮೇಡಂ?” ಎಂದು ಕೇಳುವ ಪೋಷಕರಿದ್ದಾರೆ. ನಡೆಯುತ್ತಿರುವುದೇ ಪಾಠ. ಈ ವಯಸ್ಸಿನ ಮಕ್ಕಳ ನಡುವೆಯೇ ಬಹಳ ವರ್ಷ ಕಳೆದ ನನಗೆ ಇವತ್ತು ಹೇಳಬೇಕು ಅನ್ನಿಸಿರುವುದು ಇದು: ಒಂದನೇ ತರಗತಿಯಲ್ಲಿ ಮಗು ಕೊಡುವ ಉತ್ತರಕ್ಕಿಂತ, ಆ ಉತ್ತರಕ್ಕೆ ಅದು ಬಂದ ದಾರಿ ದೊಡ್ಡದು. ದಿನವಿಡೀ ನಡೆಯುವ ಚಟುವಟಿಕೆಗಳು ಆ ದಾರಿಯನ್ನು ನಮಗೆ ತೋರಿಸುತ್ತವೆ. ನಾವು ನೋಡಬೇಕು, ಅಷ್ಟೇ.

ಎಣಿಕೆಯಿಂದಲೇ ಶುರು ಮಾಡುತ್ತೇನೆ. ಮಗುವಿನ ಮುಂದೆ ಏಳು ಮಣಿಗಳನ್ನು ಇಡಿ. “ಒಂದು, ಎರಡು, ಮೂರು” ಎಂದು ಬೆರಳಿಟ್ಟು ಏಳರವರೆಗೆ ಸರಿಯಾಗಿಯೇ ಎಣಿಸುತ್ತದೆ. “ಹಾಗಾದರೆ ಎಷ್ಟಿವೆ?” ಎಂದು ಕೇಳಿ. ಕೆಲವು ಮಕ್ಕಳು “ಏಳು” ಅನ್ನುತ್ತಾರೆ. ಇನ್ನು ಕೆಲವರು ಮತ್ತೆ ಮೊದಲಿಂದ “ಒಂದು, ಎರಡು” ಎಂದು ಶುರು ಮಾಡುತ್ತಾರೆ. ಇವರಿಗೆ ಎಣಿಕೆ ಬಾಯಿಗೆ ಬಂದಿದೆ. ಆದರೆ ಕೊನೆಗೆ ಹೇಳಿದ ಸಂಖ್ಯೆಯೇ ಆ ಗುಂಪಿನ ಒಟ್ಟು ಅನ್ನುವುದು ಇನ್ನೂ ಮನಸ್ಸಿಗೆ ಬಂದಿಲ್ಲ. ರೋಚೆಲ್ ಗೆಲ್ಮನ್ ಮತ್ತು ಸಿ. ಆರ್. ಗ್ಯಾಲಿಸ್ಟಲ್ ಎಂಬ ಮನೋವಿಜ್ಞಾನಿಗಳು 1978ರಲ್ಲಿ ಎಣಿಕೆಯ ಹಿಂದಿರುವ ತತ್ವಗಳನ್ನು ಬಿಡಿಸಿ ಬರೆದರು. ಒಂದು ವಸ್ತುವಿಗೆ ಒಂದೇ ಸಂಖ್ಯೆ, ಸಂಖ್ಯೆಗಳ ಕ್ರಮ ಬದಲಾಗಬಾರದು, ಕೊನೆಯ ಸಂಖ್ಯೆಯೇ ಒಟ್ಟು, ಎಲ್ಲಿಂದ ಎಣಿಸಿದರೂ ಮೊತ್ತ ಅದೇ, ಹೀಗೆ. ನಮಗೆ ನೀರು ಕುಡಿದಷ್ಟು ಸುಲಭವಾಗಿರುವ ಎಣಿಕೆಯೊಳಗೆ ಇಷ್ಟೆಲ್ಲ ಅಡಗಿದೆ. ಮಗು ಇವನ್ನು ಒಂದೊಂದಾಗಿ, ಮಣಿ ಮುಟ್ಟಿ ಮುಟ್ಟಿಯೇ ಕಂಡುಕೊಳ್ಳಬೇಕು. ನೂರರವರೆಗೆ ಮಗ್ಗಿಯ ಹಾಗೆ ಒಪ್ಪಿಸುವ ಮಗುವನ್ನು ಕಂಡು ಹಿಗ್ಗುವ ಮೊದಲು ಏಳು ಮಣಿ ಇಟ್ಟು ನೋಡಬೇಕು ಎಂದು ನಾನು ಹೇಳುವುದು ಇದಕ್ಕೇ.

ಆ ಮಣಿಗಳನ್ನೇ ಎರಡು ಸಾಲು ಮಾಡಿ ಎದುರುಬದುರು ಜೋಡಿಸಿ. ಎರಡರಲ್ಲೂ ಸಮ ಎಂದು ಮಗು ಒಪ್ಪುತ್ತದೆ. ಈಗ ಅದರ ಕಣ್ಣೆದುರೇ ಒಂದು ಸಾಲನ್ನು ಸ್ವಲ್ಪ ಹರಡಿ ಉದ್ದ ಮಾಡಿ. “ಈ ಸಾಲಿನಲ್ಲಿ ಜಾಸ್ತಿ” ಅನ್ನುವ ಮಕ್ಕಳು ತರಗತಿಯಲ್ಲಿ ಇದ್ದೇ ಇರುತ್ತಾರೆ. ಸ್ವಿಟ್ಜರ್ಲೆಂಡಿನ ಮನೋವಿಜ್ಞಾನಿ ಜೀನ್ ಪಿಯಾಜೆ ಮಕ್ಕಳ ಯೋಚನೆಯನ್ನು ಅರಿಯಲು ಬಳಸಿದ ಪ್ರಯೋಗಗಳಲ್ಲಿ ಇದೂ ಒಂದು. ಆರೇಳು ವರ್ಷದ ಹೊತ್ತಿಗೆ ಮಕ್ಕಳು ಇದನ್ನು ದಾಟುತ್ತಾರೆ, ಎಲ್ಲರೂ ಒಂದೇ ದಿನ ಅಲ್ಲ. ಪಕ್ಕದ ಮಗು ದಾಟಿದೆ, ನಮ್ಮದು ಇನ್ನೂ ದಾಟಿಲ್ಲ ಎಂದು ಕಳವಳ ಪಡುವ ಅಗತ್ಯವೇ ಇಲ್ಲ.

ಇನ್ನು ಕಡ್ಡಿ ಕಟ್ಟುಗಳು. ಹತ್ತು ಕಡ್ಡಿ ಸೇರಿದರೆ ರಬ್ಬರ್ ಬ್ಯಾಂಡ್ ಹಾಕಿ ಒಂದು ಕಟ್ಟು. “ಇಪ್ಪತ್ತೈದು ಬರಿ” ಅಂದರೆ ಎಷ್ಟೋ ಮಕ್ಕಳು 205 ಎಂದು ಬರೆಯುತ್ತಾರೆ. ತಪ್ಪು ಎಂದು ಕೆಂಪು ಗೆರೆ ಎಳೆಯುವ ಮುನ್ನ ಒಂದು ಕ್ಷಣ ಯೋಚಿಸಿ: ಕಿವಿಗೆ ಕೇಳಿದ್ದು ಇಪ್ಪತ್ತು ಮತ್ತು ಐದು. ಇಪ್ಪತ್ತಕ್ಕೆ 20, ಐದಕ್ಕೆ 5. ಎರಡನ್ನೂ ಪಕ್ಕಪಕ್ಕ ಬರೆದಿದೆ. ಇದರಲ್ಲಿ ಎಷ್ಟು ಚೆಂದದ ತರ್ಕ ಇದೆ! ಈ ಮಗುವಿಗೆ ಬೇಕಾದದ್ದು ಇನ್ನೊಂದು ಪುಟದ ಕಾಪಿ ಅಲ್ಲ, ಎರಡು ಕಟ್ಟು ಮತ್ತು ಐದು ಬಿಡಿ ಕಡ್ಡಿ. ಕಟ್ಟು ಬಿಚ್ಚಿ, ಮತ್ತೆ ಕಟ್ಟಿ, ಹತ್ತು ಬಿಡಿ ಅಂದರೆ ಒಂದು ಕಟ್ಟು ಎಂದು ಕೈಗೆ ಗೊತ್ತಾದ ಮೇಲೆ, 25ರಲ್ಲಿರುವ 2 ಕಟ್ಟುಗಳ ಲೆಕ್ಕ ಅನ್ನುವುದು ತಾನಾಗಿ ಹೊಳೆಯುತ್ತದೆ. ಮುಂದೆ ದಶಕ ತಂದು ಕಳೆಯುವ ಲೆಕ್ಕ ಬಂದಾಗ ಈ ರಬ್ಬರ್ ಬ್ಯಾಂಡು ಬಿಚ್ಚಿದ ನೆನಪೇ ಕೈ ಹಿಡಿಯುವುದು.

ಕೂಡುವ ಲೆಕ್ಕದಲ್ಲೂ ಹಾಗೆಯೇ. ಆರಕ್ಕೆ ಏಳು ಕೂಡಿದರೆ? ಒಬ್ಬಳು ಒಂದರಿಂದ ಹದಿಮೂರರವರೆಗೆ ಬೆರಳು ಮಡಿಚುತ್ತಾಳೆ. ಇನ್ನೊಬ್ಬ ಏಳನ್ನು ಮನಸ್ಸಿನಲ್ಲಿಟ್ಟು “ಎಂಟು, ಒಂಬತ್ತು” ಎಂದು ಮುಂದಕ್ಕೆ ಹೋಗುತ್ತಾನೆ. ಮೂರನೆಯವಳು “ಆರು ಆರು ಹನ್ನೆರಡು, ಅದಕ್ಕಿನ್ನೊಂದು” ಅನ್ನುತ್ತಾಳೆ. ಮೂವರ ಪುಸ್ತಕದಲ್ಲೂ 13 ಎಂದೇ ಇರುತ್ತದೆ, ಮೂವರಿಗೂ ಸರಿ ಗುರುತೇ ಬೀಳುತ್ತದೆ. ಆದರೆ ಮೂವರೂ ಬೇರೆ ಬೇರೆ ಜಾಗದಲ್ಲಿದ್ದಾರೆ. ಪುಸ್ತಕ ಮಾತ್ರ ನೋಡಿದರೆ ಇದು ಗೊತ್ತಾಗುವುದಿಲ್ಲ. “ಹೇಗೆ ಗೊತ್ತಾಯ್ತು, ಪುಟ್ಟಾ?” ಎಂದು ಕೇಳಿದರೆ ಮಾತ್ರ ಗೊತ್ತಾಗುತ್ತದೆ. ಬೆರಳು ಮಡಿಚುವುದನ್ನು ಬೈದು ಬಿಡಿಸುವವರನ್ನು ಕಂಡರೆ ನನಗೆ ನಿಜಕ್ಕೂ ಸಂಕಟವಾಗುತ್ತದೆ. ಬೆರಳಿನ ಕೆಲಸ ಮುಗಿದಾಗ ಮಗು ತಾನೇ ಅದನ್ನು ಬಿಡುತ್ತದೆ.

ಅಕ್ಷರಕ್ಕೆ ಬರೋಣ. ಬರೆಯುವುದಕ್ಕೆ ಮೊದಲು ಕಿವಿ ಪಳಗಬೇಕು. ಆ ಚಪ್ಪಾಳೆ ಇರುವುದು ಅದಕ್ಕೆ. “ಮರ” ಅಂದರೆ ಎರಡು ಚಪ್ಪಾಳೆ, “ನವಿಲು” ಅಂದರೆ ಮೂರು. ಮಾತನ್ನು ಸಣ್ಣ ತುಂಡುಗಳಾಗಿ ಬಿಡಿಸಬಹುದು ಎಂದು ಕಿವಿ ಕಂಡುಕೊಂಡ ಮೇಲೆ ಒಂದೊಂದು ತುಂಡಿಗೂ ಒಂದು ಆಕಾರ ಇದೆ ಅನ್ನುವುದು ಮಗುವಿಗೆ ಅರ್ಥವಾಗುತ್ತದೆ. ಅಕ್ಷರಗಳನ್ನು ವರ್ಣಮಾಲೆಯ ಕ್ರಮದಲ್ಲೇ ಕಲಿಸಬೇಕೆಂದೇನಿಲ್ಲ. ರ, ಗ, ಸ, ದ ಹೀಗೆ ಬರೆಯಲು ಸುಲಭವಾದವನ್ನು ಮೊದಲು ಕಲಿಸಿದರೆ ನಾಲ್ಕೈದು ಅಕ್ಷರಕ್ಕೇ ಮಗು “ಸರ”, “ಗರಗಸ” ಎಂದು ಓದಿಬಿಡುತ್ತದೆ. ಅಷ್ಟುದ್ದದ ಪದವನ್ನು ತಾನೊಬ್ಬನೇ ಓದಿದ ಮಗುವಿನ ಮುಖವನ್ನು ನೀವು ನೋಡಬೇಕು.

ಕೆಲವರು ಅಕ್ಷರವನ್ನು ಕನ್ನಡಿಯಲ್ಲಿ ಕಂಡಂತೆ ತಿರುಗಿಸಿ ಬರೆಯುತ್ತಾರೆ, 3 ಮತ್ತು 7ನ್ನೂ ತಿರುಗಿಸುತ್ತಾರೆ. ತಾಯಂದಿರು ಹೆದರಿ ಬರುತ್ತಾರೆ. ಈ ವಯಸ್ಸಿನಲ್ಲಿ ಇದು ಸಾಮಾನ್ಯ. ಅಲ್ಲಿಯವರೆಗೆ ಮಗು ಕಂಡ ಲೋಕದಲ್ಲಿ ಲೋಟದ ಹಿಡಿ ಎಡಕ್ಕಿದ್ದರೂ ಬಲಕ್ಕಿದ್ದರೂ ಅದು ಲೋಟವೇ. ಎಡ ಬಲ ಬದಲಾದರೆ ತಪ್ಪಾಗುತ್ತದೆ ಅನ್ನುವ ಹೊಸ ನಿಯಮ ಅಕ್ಷರದ ಜೊತೆಗೇ ಬಂದದ್ದು. ಬೆರಳಿನಿಂದ ಅಕ್ಷರವನ್ನು ತೀಡಿದರೆ ದಿಕ್ಕು ಕೈಗೆ ಹತ್ತುತ್ತದೆ. ಇಟಲಿಯ ಶಿಕ್ಷಣತಜ್ಞೆ ಮರಿಯಾ ಮಾಂಟೆಸ್ಸೊರಿ 1907ರಲ್ಲಿ ರೋಮ್ ನಗರದಲ್ಲಿ ‘ಮಕ್ಕಳ ಮನೆ’ ಎಂಬ ತಮ್ಮ ಮೊದಲ ಶಾಲೆಯನ್ನು ತೆರೆದರು. ಉಪ್ಪುಕಾಗದದಲ್ಲಿ ಕತ್ತರಿಸಿದ ಅಕ್ಷರಗಳನ್ನು ಮಕ್ಕಳ ಕೈಗೆ ಕೊಟ್ಟರು. ಇವತ್ತು ತಟ್ಟೆಯಲ್ಲಿ ಮರಳು ಹರಡಿಕೊಟ್ಟರೂ ಅದೇ ಕೆಲಸ ಆಗುತ್ತದೆ. ಏಳೆಂಟು ವರ್ಷ ದಾಟಿದ ಮೇಲೂ ತಿರುಗಿಸುವುದು ಹಾಗೇ ಉಳಿದು, ಜೊತೆಗೆ ಓದುವುದೂ ಕಷ್ಟವಾಗುತ್ತಿದ್ದರೆ ಆಗ ಬಲ್ಲವರಿಗೆ ತೋರಿಸಬೇಕು.

ಜೇಡಿಮಣ್ಣಿನ ವಿಷಯ ಬಿಟ್ಟೆ. ಆರು ವರ್ಷದ ಮಗುವಿನ ಮಣಿಕಟ್ಟಿನ ಸಣ್ಣ ಮೂಳೆಗಳು ಇನ್ನೂ ಪೂರ್ತಿ ಬಲಿತಿರುವುದಿಲ್ಲ. ಮಣ್ಣು ಹೊಸೆಯುವುದು, ಮಣಿ ಪೋಣಿಸುವುದು, ಕಾಗದ ಹರಿದು ಅಂಟಿಸುವುದು, ಇವೆಲ್ಲ ಬೆರಳಿಗೆ ಬಲ ಕೊಡುತ್ತವೆ. ಪುಟಗಟ್ಟಲೆ ತಿದ್ದಿಸಿದರೆ ಕೈ ನೋಯುತ್ತದೆ, ಬರವಣಿಗೆಯ ಮೇಲೇ ಬೇಸರ ಹುಟ್ಟುತ್ತದೆ.

ಚಿತ್ರ ಬರೆದು ಅದರ ಕೆಳಗೆ ತನಗೆ ತೋಚಿದ್ದನ್ನು ಬರೆಯುವ ಹೊತ್ತು ನನಗೆ ತುಂಬ ಇಷ್ಟ. “ಅಪ್ಪ ಬಂದರು” ಅನ್ನುವುದು “ಅಪ ಬದರು” ಆಗಿರುತ್ತದೆ. ಒತ್ತಕ್ಷರ ಇಲ್ಲ, ಸೊನ್ನೆ ಇಲ್ಲ. ಆದರೆ ಇರುವುದನ್ನು ನೋಡಿ: ಐದು ಅಕ್ಷರ ಸರಿ, ‘ರು’ಗೆ ಉಕಾರದ ಕೊಂಬು ಸರಿ, ಪದಗಳ ನಡುವೆ ಜಾಗ ಬಿಟ್ಟದ್ದೂ ಸರಿ. ಚಾರ್ಲ್ಸ್ ರೀಡ್ ಎಂಬ ಭಾಷಾವಿಜ್ಞಾನಿ 1971ರಲ್ಲೇ ತೋರಿಸಿದರು, ಪುಟ್ಟ ಮಕ್ಕಳ ಇಂಥ ಕಾಗುಣಿತ ಮನಸ್ಸಿಗೆ ಬಂದಂತೆ ಬರೆದದ್ದಲ್ಲ, ತಾವು ಕೇಳಿಸಿಕೊಂಡ ಸದ್ದಿಗೆ ತಕ್ಕಂತೆ ಬರೆದದ್ದು ಎಂದು. ಒತ್ತಕ್ಷರದ ಪಾಠ ಮುಂದೆ ಬಂದೇ ಬರುತ್ತದೆ. ಬರೆಯುವ ಧೈರ್ಯ ಮಾತ್ರ ಈಗ ಹೋದರೆ ಮತ್ತೆ ಬರುವುದು ಕಷ್ಟ.

ಕತೆ ಓದುವ ಹೊತ್ತು, ಹವಾಮಾನ ಹೇಳುವ ಹೊತ್ತು, ವಾರದ ಹೆಸರು, ಆಟದ ಬಯಲು, ಇವೆಲ್ಲವೂ ದಿನಚರಿಯಲ್ಲಿವೆ. ಕತೆಯ ಬಗ್ಗೆ ಒಂದು ಮಾತು. ಪುಟ ತಿರುಗಿಸುವ ಮುಂಚೆ “ಈಗ ಏನಾಗಬಹುದು?” ಎಂದು ಕೇಳಿ ಸುಮ್ಮನಿರಬೇಕು. ಸುಮ್ಮನಿರುವುದೇ ನಮಗೆ ಕಷ್ಟ. ಮೇರಿ ಬಡ್ ರೋವ್ ಎಂಬ ಶಿಕ್ಷಣ ಸಂಶೋಧಕಿ 1970ರ ದಶಕದಲ್ಲಿ ತರಗತಿಗಳ ಧ್ವನಿಮುದ್ರಣ ಕೇಳಿ ಲೆಕ್ಕ ಹಾಕಿದಾಗ, ಪ್ರಶ್ನೆ ಕೇಳಿದ ಶಿಕ್ಷಕರು ಸರಾಸರಿ ಒಂದು ಸೆಕೆಂಡಿನಷ್ಟೇ ಕಾಯುತ್ತಿದ್ದರು. ಅದನ್ನು 3 ಸೆಕೆಂಡಿಗೆ ಏರಿಸಿದಾಗ ಮಕ್ಕಳ ಉತ್ತರ ಉದ್ದವಾಯಿತು, ಬಾಯಿ ಬಿಡದ ಮಕ್ಕಳೂ ಮಾತಾಡಿದರು, ಮಕ್ಕಳೇ ಪ್ರಶ್ನೆ ಕೇಳತೊಡಗಿದರು. ಮೂರು ಸೆಕೆಂಡು!

ಅಷ್ಟೊಂದು ಮಕ್ಕಳಿರುವ ಕೋಣೆಯಲ್ಲಿ ಒಬ್ಬ ಟೀಚರ್ ಪ್ರತಿಯೊಬ್ಬರ ದಾರಿಯನ್ನೂ ಕೇಳಲು ಆಗುತ್ತದೆಯೇ? ಒಂದೇ ದಿನದಲ್ಲಿ ಆಗುವುದಿಲ್ಲ. ಅದಕ್ಕೇ ಗುಂಪುಗಳು, ಮೂಲೆಗಳು. ಉಳಿದವರು ತಮ್ಮ ಕೆಲಸದಲ್ಲಿ ಮುಳುಗಿರುವಾಗ ನಾಲ್ಕೈದು ಮಕ್ಕಳ ಪಕ್ಕ ಕೂರಬಹುದು, ಕೇಳಿದ್ದನ್ನು ಒಂದು ಸಾಲು ಬರೆದಿಟ್ಟುಕೊಳ್ಳಬಹುದು. ನಾಳೆ ಬೇರೆ ನಾಲ್ಕೈದು ಮಕ್ಕಳು. ಪಕ್ಕದವರಿಗೆ ಹೇಳು ಎಂದು ಇಬ್ಬಿಬ್ಬರನ್ನು ಮಾತಿಗೆ ಬಿಟ್ಟರೆ ಒಂದೇ ಹೊತ್ತಿಗೆ ಎಲ್ಲರ ಬಾಯೂ ತೆರೆಯುತ್ತದೆ. ಆಗ ಗದ್ದಲ ಆಗುತ್ತದೆ. ಆ ಗದ್ದಲಕ್ಕೆ ಮುಖ್ಯೋಪಾಧ್ಯಾಯರೂ ಪೋಷಕರೂ ಮುಖ ಗಂಟಿಕ್ಕಬಾರದು ಎಂದು ನಾನು ಕೈಮುಗಿದು ಕೇಳುತ್ತೇನೆ.

ಅಪ್ಪ ಅಮ್ಮಂದಿರೇ, ಸಂಜೆ ಮಗು ಬಂದಾಗ “ಇವತ್ತು ಎಷ್ಟು ಪುಟ ಬರೆಸಿದರು?” ಎಂದು ಕೇಳುವ ಬದಲು ಅದರ ಒಂದು ಚಿತ್ರವನ್ನೋ ಒಂದು ಲೆಕ್ಕವನ್ನೋ ಮುಂದಿಟ್ಟುಕೊಂಡು, ಇದು ಹೇಗೆ ಮಾಡಿದೆ ಎಂದು ಕೇಳಿ. ಉತ್ತರ ಸರಿಯಿದ್ದಾಗಲೂ ಕೇಳಿ. ತಪ್ಪಾದಾಗ ಮಾತ್ರ ಕೇಳಿದರೆ, “ಹೇಗೆ” ಅಂದ ತಕ್ಷಣ ಮಗು ರಬ್ಬರಿಗೆ ಕೈ ಹಾಕುತ್ತದೆ.

ನಮಸ್ಕಾರ.