ಲೆಗೋಲ್ಯಾಂಡಿನ ಕೆಳಗಿನ ನೆಲ

ಕೇಳುಗರೆಲ್ಲರಿಗೂ ನಮಸ್ಕಾರ.

ಡೆನ್ಮಾರ್ಕಿನಲ್ಲಿ ಬಿಲ್ಲುಂಡ್ ಅಂತ ಒಂದು ಊರಿದೆ. ಜನಸಂಖ್ಯೆ ಏಳು ಸಾವಿರದ ಆಸುಪಾಸು. ನಮ್ಮ ಲೆಕ್ಕದಲ್ಲಿ ಒಂದು ಹೋಬಳಿ ಊರು ಅನ್ನಿ. ಅಲ್ಲಿಗೆ ರೈಲಿಲ್ಲ, ಆದರೆ ಅಂತರರಾಷ್ಟ್ರೀಯ ವಿಮಾನ ನಿಲ್ದಾಣವಿದೆ. ಆ ದೇಶದಲ್ಲಿ ಕೋಪನ್‌ಹೇಗನ್ ಬಿಟ್ಟರೆ ದೊಡ್ಡ ನಿಲ್ದಾಣ ಅದೇ. ಇಷ್ಟು ಸಣ್ಣ ಊರಿಗೆ ವಿಮಾನ ಯಾಕೆ ಇಳಿಯಬೇಕು? ಕಾರಣ ಒಬ್ಬ ಬಡಗಿ.

ಅವನ ಹೆಸರು ಓಲೆ ಕಿರ್ಕ್ ಕ್ರಿಸ್ಟಿಯಾನ್ಸನ್. 1916ರಲ್ಲಿ ಬಿಲ್ಲುಂಡಿನಲ್ಲಿ ಬಡಗಿ ಕೆಲಸದ ಒಂದು ಶೆಡ್ಡು ಕೊಂಡ. ಮುಂದೆ ಹಣದ ಮುಗ್ಗಟ್ಟು ಬಂತು, ಬಾಗಿಲು ಕಿಟಕಿ ಮಾಡಿಸುವವರೇ ಇಲ್ಲವಾದರು. 1932ರಲ್ಲಿ ಮರದ ಆಟಿಕೆ ಮಾಡುವುದಕ್ಕೆ ಕೂತ. ಎರಡು ವರ್ಷ ಕಳೆದ ಮೇಲೆ ‘ಚೆನ್ನಾಗಿ ಆಡು’ ಎನ್ನುವ ಅರ್ಥದ ಎರಡು ಡೇನಿಶ್ ಮಾತುಗಳನ್ನು ಸೇರಿಸಿ ‘ಲೆಗೋ’ ಅಂತ ಹೆಸರಿಟ್ಟ. ನಾವೆಲ್ಲ ನೋಡಿರುವ ಪ್ಲಾಸ್ಟಿಕ್ ಇಟ್ಟಿಗೆಗೆ ಮಗ ಗಾಟ್‌ಫ್ರೆಡ್ ಪೇಟೆಂಟಿಗೆ ಅರ್ಜಿ ಹಾಕಿದ್ದು 1958ರ ಜನವರಿ 28ರಂದು. ಆ ವರ್ಷದ ಇಟ್ಟಿಗೆ ಸಿಕ್ಕಿದರೆ ಇವತ್ತಿನ ಇಟ್ಟಿಗೆಯ ಮೇಲಿಟ್ಟು ಒತ್ತಿ ನೋಡಿ, ಟಕ್ಕೆಂದು ಕೂರುತ್ತದೆ. ವಿಮಾನ ನಿಲ್ದಾಣವೂ ಈ ಕಂಪನಿ ತನ್ನ ಓಡಾಟಕ್ಕೆ ಹಾಕಿಕೊಂಡಿದ್ದ ಓಡುದಾರಿಯಿಂದ ಬೆಳೆದದ್ದೇ. ಸಾರ್ವಜನಿಕರಿಗೆ ತೆರೆದದ್ದು 1964ರಲ್ಲಿ.

ಈ ಇಟ್ಟಿಗೆಯ ಹೆಸರಿನ ಪಾರ್ಕುಗಳು, ಅಂದರೆ ಲೆಗೋಲ್ಯಾಂಡುಗಳು, ಈಗ ಜಗತ್ತಿನಲ್ಲಿ ಹನ್ನೊಂದು ಇವೆ. ಅಲ್ಲಿನ ಆಟಗಳ ವಿಷಯ ನಿಮ್ಮ ಮನೆ ಮಕ್ಕಳನ್ನು ಕೇಳಿದರೆ ನನಗಿಂತ ಚೆನ್ನಾಗಿ ಹೇಳುತ್ತಾರೆ. ನನಗೆ ಕುತೂಹಲ ಬೇರೆ. ಎಲ್ಲ ಕಡೆಯೂ ಇಟ್ಟಿಗೆ ಒಂದೇ ಆದ ಮೇಲೆ, ಅದನ್ನು ಜೋಡಿಸಿದ ನೆಲದ ಮೇಲೆ ಮೊದಲು ಏನಿತ್ತು?

ಬಿಲ್ಲುಂಡಿನ ಮಟ್ಟಿಗೆ ಉತ್ತರ ಸಲೀಸು. ಅದು ಕಾರ್ಖಾನೆಯ ಪಕ್ಕದ ನೆಲ. ಮಾರಾಟಕ್ಕೆಂದು ಜೋಡಿಸಿಟ್ಟ ದೊಡ್ಡ ದೊಡ್ಡ ಮಾದರಿಗಳನ್ನು ನೋಡಲು 1960ರ ದಶಕದಲ್ಲಿ ವರ್ಷಕ್ಕೆ ಇಪ್ಪತ್ತು ಸಾವಿರ ಜನ ಕಾರ್ಖಾನೆಗೇ ಬರತೊಡಗಿದರು. ಬಂದವರಿಗೆ ಬೇಡ ಅನ್ನುವ ಹಾಗಿಲ್ಲ, ಒಳಗೆ ಬಿಟ್ಟರೆ ಕೆಲಸ ನಿಲ್ಲುತ್ತದೆ. ಮಾದರಿಗಳನ್ನು ಹೊರಗೆ ಒಂದು ತೋಟದಲ್ಲಿ ಇಟ್ಟರೆ ಹೇಗೆ ಅಂತ ಗಾಟ್‌ಫ್ರೆಡ್ ಯೋಚಿಸಿದ. ಅಂಗಡಿಗಳ ಗಾಜಿನ ಕಿಟಕಿ ಸಿಂಗರಿಸುವ ಕಸುಬಿನ ಆರ್ನಾಲ್ಡ್ ಬೂಟ್ರುಪ್ ಪಾರ್ಕಿನ ಕಲ್ಪನೆಗೆ ಕೈ ಹಾಕಿದ. ಅದರೊಳಗಿನ ಪುಟ್ಟ ಪಟ್ಟಣಗಳನ್ನು ಕಟ್ಟಿಸಿದವರಲ್ಲಿ ಮುಖ್ಯಳು ಗಾಟ್‌ಫ್ರೆಡ್‌ನ ಸಂಬಂಧಿಯೇ ಆದ ಡಾಗ್ನಿ ಹೋಮ್, ಶಿಲ್ಪಕಲೆ ಕಲಿತಿದ್ದವಳು. 1968ರ ಜೂನ್ 7ರಂದು ಬಾಗಿಲು ತೆರೆಯಿತು. ಮೊದಲ ವರ್ಷ ಬಂದವರು 6,25,000 ಜನ. ಮಕ್ಕಳು ಪುಟ್ಟ ಕಾರು ಓಡಿಸಿ ಲೈಸೆನ್ಸ್ ಪಡೆಯುವ ಶಾಲೆ ಅವತ್ತೇ ಇತ್ತು. ಯಾವ ದೇಶದ ಲೆಗೋಲ್ಯಾಂಡಿಗೆ ಹೋದರೂ ಅಂಥದ್ದೊಂದು ಸಿಗುತ್ತದೆ.

ಗೆದ್ದ ಹುಮ್ಮಸ್ಸಿನಲ್ಲಿ 1973ರಲ್ಲಿ ಜರ್ಮನಿಯ ಬಾಲ್ಟಿಕ್ ಕರಾವಳಿಯ ಸಿಯರ್ಕ್ಸ್‌ಡಾರ್ಫಿನಲ್ಲಿ ಎರಡನೆಯದನ್ನು ತೆರೆದರು. ಮೂರೇ ವರ್ಷಕ್ಕೆ ಮುಚ್ಚಿತು. ಅದೇ ಜಾಗದಲ್ಲಿ ಇವತ್ತು ಬೇರೆಯವರ ಹಾನ್ಸಾ ಪಾರ್ಕ್ ನಡೆಯುತ್ತಿದೆ. ಆ ಪೆಟ್ಟು ಗಟ್ಟಿಯಾಗಿಯೇ ಬಿದ್ದಿರಬೇಕು. ಮುಂದಿನ ಇಪ್ಪತ್ತು ವರ್ಷ ಈ ಹೆಸರಿನ ಹೊಸ ಪಾರ್ಕು ಎಲ್ಲೂ ಬರಲಿಲ್ಲ.

ಬಂದದ್ದು 1996ರಲ್ಲಿ, ಇಂಗ್ಲೆಂಡಿನ ವಿಂಡ್ಸರಿನಲ್ಲಿ. ಅಲ್ಲಿ ಮೊದಲು ಇದ್ದದ್ದು ಸಿಂಹ, ಆನೆಗಳ ಸಫಾರಿ ಪಾರ್ಕು. 1992ರಲ್ಲಿ ಅದು ಮುಚ್ಚಿದ ಮೇಲೆ ಜಾಗ ಇಟ್ಟಿಗೆಯವರ ಪಾಲಾಯಿತು. 1999ರಲ್ಲಿ ಕ್ಯಾಲಿಫೋರ್ನಿಯಾದ ಕಾರ್ಲ್ಸ್‌ಬ್ಯಾಡ್, 2002ರಲ್ಲಿ ಮತ್ತೆ ಧೈರ್ಯ ಮಾಡಿ ಜರ್ಮನಿ. ಈ ಸಲ ಕಡಲು ಬಿಟ್ಟು ಬವೇರಿಯಾದ ಗುಂಟ್ಸ್‌ಬರ್ಗ್. ಮಹಾನಗರದ ಮಧ್ಯ ಯಾವುದೂ ಇಲ್ಲ, ಗಮನಿಸಿ. ಬೆಳಿಗ್ಗೆ ಕಾರು ಹತ್ತಿ ಸಂಜೆ ಮನೆಗೆ ವಾಪಸಾಗುವ ದೂರದಲ್ಲಿ ದೊಡ್ಡ ಊರುಗಳಿದ್ದರೆ ಸಾಕು. ಎರಡರಿಂದ ಹನ್ನೆರಡು ವರ್ಷದ ಮಕ್ಕಳಿಗಾಗಿ ಕಟ್ಟಿದ ಜಾಗ, ಇನ್ನೂ ದೂರವಾದರೆ ಹಿಂದಿನ ಸೀಟಿನಲ್ಲಿ ರಂಪ ಶುರುವಾಗುತ್ತದೆ.

ಇಷ್ಟರಲ್ಲಿ ತಾಯಿ ಕಂಪನಿಯೇ ಮುಳುಗುವ ಹಂತಕ್ಕೆ ಬಂತು. 2003, 2004ರಲ್ಲಿ ಭಾರೀ ನಷ್ಟ. 2005ರಲ್ಲಿ ನಾಲ್ಕೂ ಪಾರ್ಕುಗಳನ್ನು ಬ್ಲ್ಯಾಕ್‌ಸ್ಟೋನ್ ಎಂಬ ಹಣ ಹೂಡುವ ಸಂಸ್ಥೆಗೆ ಮಾರಿದರು. ಅಲ್ಲಿಂದ ಅವು ಇಂಗ್ಲೆಂಡಿನ ಮರ್ಲಿನ್ ಎಂಟರ್‌ಟೇನ್‌ಮೆಂಟ್ಸ್ ಕೈಗೆ ಬಂದವು. ಬಡಗಿಯ ಮನೆತನ ಆ ಮರ್ಲಿನ್‌ನಲ್ಲಿ ಪಾಲು ಉಳಿಸಿಕೊಂಡಿತ್ತು. 2019ರಲ್ಲಿ ಇತರ ಹೂಡಿಕೆದಾರರ ಜೊತೆ ಸೇರಿ ಇಡೀ ಮರ್ಲಿನ್ನನ್ನೇ ಕೊಂಡಿತು. ಕಷ್ಟಕ್ಕೆ ಅಡವಿಟ್ಟ ಒಡವೆ ಬಿಡಿಸಿಕೊಂಡ ಹಾಗೆ.

ಹನ್ನೊಂದರಲ್ಲಿ ಒಂದಕ್ಕೆ ಮಾತ್ರ ಟಿಕೆಟ್ ಕೊಡುತ್ತೇವೆ ಅಂದರೆ ನಾನು ಆರಿಸಿಕೊಳ್ಳುವುದು ಫ್ಲೋರಿಡಾದ ವಿಂಟರ್ ಹೇವನ್. ಅಲ್ಲಿ 1936ರಿಂದ ಸೈಪ್ರೆಸ್ ಗಾರ್ಡನ್ಸ್ ಎಂಬ ತೋಟವಿತ್ತು. ಡಿಕ್ ಪೋಪ್ ಮತ್ತು ಹೆಂಡತಿ ಜೂಲಿ ಕೆರೆಯ ದಂಡೆಯ ಜೌಗು ನೆಲದಲ್ಲಿ ಮಾಡಿದ ತೋಟ. 1940ರ ಚಳಿಗೆ ಬಾಗಿಲ ಬಳಿಯ ಬಳ್ಳಿಯೆಲ್ಲ ಸುಟ್ಟುಹೋದಾಗ, ಬಂದವರಿಗೆ ಅದು ಕಾಣದಿರಲಿ ಎಂದು ಜೂಲಿ ಅಗಲ ಲಂಗದ ಹೆಣ್ಣುಮಕ್ಕಳನ್ನು ಬಳ್ಳಿಗೆ ಅಡ್ಡವಾಗಿ ನಿಲ್ಲಿಸಿದಳಂತೆ. ಜನ ಲಂಗಗಳನ್ನು ನೋಡಲೆಂದೇ ಮತ್ತೆ ಬಂದರು! ನೀರಿನ ಮೇಲೆ ಜಾರುವ ಸ್ಕೀ ಪ್ರದರ್ಶನಕ್ಕೆ ಹೆಸರಾಗಿದ್ದ ಆ ತೋಟ 2009ರಲ್ಲಿ ಮುಚ್ಚಿತು, 2011ರ ಅಕ್ಟೋಬರಿನಲ್ಲಿ ಲೆಗೋಲ್ಯಾಂಡ್ ಆಗಿ ತೆರೆಯಿತು. ಆದರೆ ಹಳೆಯ ತೋಟವನ್ನು ಹಾಗೆಯೇ ಉಳಿಸಿಕೊಂಡಿದ್ದಾರೆ. ಅದರ ನಡುವೆ ಒಂದು ಆಲದ ಮರವಿದೆ. ನಮ್ಮ ನೆಲದ ಜಾತಿಯ ಆಲವೇ. 1939ರಲ್ಲಿ ಒಂದು ಬಕೆಟ್ಟಿನಲ್ಲಿ ತಂದು ನೆಟ್ಟ ಸಸಿ ಈಗ ಬಿಳಲು ಬಿಟ್ಟು, ಬಿಳಲೇ ಕಾಂಡವಾಗಿ, ಅಂಗಳ ತುಂಬಿಕೊಂಡಿದೆ. ಇಟ್ಟಿಗೆಯ ಮಾದರಿಗಳಿಗೆ ಬಿಸಿಲು ಬಿದ್ದರೆ ಬಣ್ಣ ಮಾಸುತ್ತದೆ, ಆಗಾಗ ಬದಲಾಯಿಸುತ್ತಿರಬೇಕು. ಆಲಕ್ಕೆ ಆ ತಾಪತ್ರಯವಿಲ್ಲ.

ಏಷ್ಯಾಕ್ಕೆ ಬಂದದ್ದು 2012ರಲ್ಲಿ, ಮಲೇಷ್ಯಾದ ಜೊಹೋರ್‌ಗೆ. ಸಿಂಗಪುರದಿಂದ ಸೇತುವೆ ದಾಟಿದರೆ ಬಂತು. ಅಲ್ಲಿನ ಕನ್ನಡದ ಸಂಸಾರಗಳಿಗೆ ಇದು ರಜೆಯ ದಿನದ ಜಾಗ. ಇಟ್ಟಿಗೆಯ ತಾಜಮಹಲೂ ಇದೆ. 2016ರಲ್ಲಿ ದುಬೈ. ಅಲ್ಲಿ ಪುಟ್ಟ ಪಟ್ಟಣವನ್ನು ಬಯಲಿನಲ್ಲಿ ಇಡುವಂತಿಲ್ಲ, ಗುಮ್ಮಟದ ಕೆಳಗೆ ಎ.ಸಿ. ಹಾಕಿ ಕೂರಿಸಿದ್ದಾರೆ. ಒಳಗಿನ ಬುರ್ಜ್ ಖಲೀಫಾ 17 ಮೀಟರ್. ಸಾಮಾನ್ಯವಾಗಿ ಇವರು ನಿಜವಾದ ಕಟ್ಟಡದ ಇಪ್ಪತ್ತನೇ ಒಂದರಷ್ಟು ಮಾಡುತ್ತಾರೆ. ಆ ಲೆಕ್ಕ ಹಿಡಿದರೆ ಇದು 41 ಮೀಟರ್ ಆಗಬೇಕಿತ್ತು, ಗುಮ್ಮಟ ಸೀಳಿಕೊಂಡು ಹೊರಗೆ ಹೋಗುತ್ತಿತ್ತು! 2017ರಲ್ಲಿ ಜಪಾನಿನ ನಗೋಯಾ ಬಂದರು, 2021ರಲ್ಲಿ ನ್ಯೂಯಾರ್ಕ್ ರಾಜ್ಯದ ಗೋಶೆನ್. 2025ರ ಜುಲೈನಲ್ಲಿ ಶಾಂಘೈ. ಎಲ್ಲಕ್ಕಿಂತ ದೊಡ್ಡದು ನಾವೇ ಅನ್ನುತ್ತಾರೆ ಅಲ್ಲಿನವರು. ಬಾಗಿಲಲ್ಲಿ 26 ಮೀಟರ್ ಎತ್ತರದ ಬೊಂಬೆ ನಿಂತಿದೆ.

ನಡುವೆ ಒಂದನ್ನು ಬೇಕೆಂದೇ ಬಿಟ್ಟಿದ್ದೆ. ದಕ್ಷಿಣ ಕೊರಿಯಾದ ಚುಂಚೆಯಾನ್.

ಊರಿನ ಬಳಿ ಅಣೆಕಟ್ಟಿನ ಹಿನ್ನೀರಿನಲ್ಲಿ ಜುಂಗ್ಡೊ ಎಂಬ ದ್ವೀಪವಿದೆ. ಪಾರ್ಕಿಗೆಂದು ನೆಲ ಅಗೆದರೆ ಸಿಕ್ಕಿದ್ದು ಕಂಚಿನ ಯುಗದ ಒಂದು ಇಡೀ ಊರು. ನೂರಾರು ಮನೆಗಳ ಗುರುತು, ನೂರರಷ್ಟು ಕಲ್ಲಿನ ಗೋರಿಗಳು. ನಮ್ಮ ಹಿರೇಬೆಣಕಲ್ಲಿನ ಮೋರ್ಯರ ಗುಡ್ಡ ಹತ್ತಿದವರಿಗೆ ಗೊತ್ತಿರುತ್ತದೆ, ಚಪ್ಪಡಿ ನಿಲ್ಲಿಸಿ ಮೇಲೊಂದು ಚಪ್ಪಡಿ ಹೊದಿಸಿದ ಮನೆಗಳಂಥವು. ಅದೇ ಬಳಗದ ಕಲ್ಲುಗಳು. ಪಾರ್ಕು ಬೇಡ ಎಂದು ಜನ ಪ್ರತಿಭಟನೆಗೆ ಕೂತರು. ಕೆಲಸ ವರ್ಷಗಟ್ಟಲೆ ಎಳೆಯಿತು. ಕೊನೆಗೆ ಕೆಲವು ಗೋರಿಗಳನ್ನು ಎತ್ತಿ ಬೇರೆಡೆಗೆ ಸಾಗಿಸಿ, ಅವಕ್ಕೊಂದು ವಸ್ತುಸಂಗ್ರಹಾಲಯ ಕಟ್ಟುತ್ತೇವೆ ಎಂಬ ಮಾತಿನ ಮೇಲೆ ಪಾರ್ಕು ಮೇಲೆದ್ದಿತು.

ಅಲ್ಲಿಗೂ ಮುಗಿಯಲಿಲ್ಲ. ಜಾಗ ಸಿದ್ಧಪಡಿಸಲು ಗಂಗ್ವಾನ್ ಪ್ರಾಂತ್ಯ ಒಂದು ಕಂಪನಿ ಮಾಡಿತ್ತು. ಅದು 20,500 ಕೋಟಿ ವಾನ್ ಸಾಲ ಎತ್ತಿತ್ತು, ಪ್ರಾಂತ್ಯವೇ ಜಾಮೀನು. 2022ರ ಸೆಪ್ಟೆಂಬರಿನಲ್ಲಿ ಹೊಸ ಗವರ್ನರ್ ಆ ಕಂಪನಿಯನ್ನು ಕೋರ್ಟಿನ ಸುಪರ್ದಿಗೆ ಒಪ್ಪಿಸುತ್ತೇವೆ ಎಂದುಬಿಟ್ಟರು. ಸರ್ಕಾರದ ಜಾಮೀನಿಗೇ ಬೆಲೆಯಿಲ್ಲ ಅಂದರೆ ಇನ್ನು ಯಾರನ್ನು ನಂಬುವುದು? ದೇಶದಲ್ಲಿ ದೊಡ್ಡ ದೊಡ್ಡ ಕಂಪನಿಗಳಿಗೂ ಸಾಲ ಹುಟ್ಟದಂತಾಯಿತು. ಅಕ್ಟೋಬರಿನಲ್ಲಿ ಕೇಂದ್ರ ಸರ್ಕಾರ 50 ಲಕ್ಷ ಕೋಟಿ ವಾನ್‌ಗೂ ಮಿಕ್ಕಿದ ನೆರವು ಘೋಷಿಸಬೇಕಾಯಿತು. ಪ್ರಾಂತ್ಯ ಡಿಸೆಂಬರಿನಲ್ಲಿ ತನ್ನ ಬಾಕಿ ಕಟ್ಟಿತು. ಇದರಲ್ಲಿ ಪಾರ್ಕು ನಡೆಸುವವರು ಒಂದು ಕಾಸೂ ಬಾಕಿ ಉಳಿಸಿಕೊಂಡಿರಲಿಲ್ಲ, ಆದರೂ ಕೊರಿಯಾದ ಪತ್ರಿಕೆಗಳು ಅದಕ್ಕೆ ಇಟ್ಟ ಹೆಸರು ‘ಲೆಗೋಲ್ಯಾಂಡ್ ಬಿಕ್ಕಟ್ಟು’.

ಚುಂಚೆಯಾನಿನ ಪಾರ್ಕು ತೆರೆದದ್ದು ಅದೇ ವರ್ಷದ ಮೇ 5ರಂದು. ಕೊರಿಯಾದಲ್ಲಿ ಅದು ಮಕ್ಕಳ ದಿನ, ಶಾಲೆಗೆ ರಜೆ. ಮಕ್ಕಳು ಇಟ್ಟಿಗೆಯ ಊರುಗಳನ್ನು ನೋಡಿಕೊಂಡು ಓಡಾಡಿದರು. ಅವರ ಕಾಲ ಕೆಳಗಿದ್ದ ಊರಿನ ಕಲ್ಲುಗಳು ಹೊದಿಕೆಯ ಅಡಿಯಲ್ಲಿ ವಸ್ತುಸಂಗ್ರಹಾಲಯಕ್ಕೆ ಕಾಯುತ್ತಿದ್ದವು. ಅದು ಇನ್ನೂ ಕಟ್ಟಿರಲಿಲ್ಲ.

ನಮಸ್ಕಾರ.